ಪ್ರೊಸೆಸರ್‌ನ ಮುಚ್ಚಳ ತೆಗೆದು ನೋಡಿದ ಅನುಭವ

ದಾವಣಗೆರೆಯಲ್ಲಿ ಮದುವೆ ವಿಡಿಯೊಗಳ ಎಡಿಟಿಂಗ್ ಮಾಡುವ ನನಗೆ ಏಪ್ರಿಲ್, ಮೇ ತಿಂಗಳುಗಳೇ ದುಡಿಮೆಯ ಕಾಲ. ಊರಿನ ಬಿಸಿಲು ನೆತ್ತಿ ಸುಡುವುದೂ ಆಗಲೇ. ಅಂಗಡಿಯ ಹಿಂದಿನ ಕೋಣೆ ಮಧ್ಯಾಹ್ನ 34 ಡಿಗ್ರಿಗೆ ಏರಿದರೆ, 4.2 ಗಿಗಾಹರ್ಟ್ಸ್ ವೇಗಕ್ಕೆ ಹೊಂದಿಸಿದ್ದ ನನ್ನ ಕೋರ್ ಐ7-4770ಕೆ ಪ್ರೊಸೆಸರ್ ರೆಂಡರಿಂಗ್ (ಎಡಿಟ್ ಮಾಡಿದ್ದನ್ನೆಲ್ಲ ಜೋಡಿಸಿ ಪೂರ್ತಿ ವಿಡಿಯೊ ಫೈಲ್ ಮಾಡುವ ಕೆಲಸ) ಶುರುವಾದ ಹತ್ತೇ ನಿಮಿಷದಲ್ಲಿ 97 ಡಿಗ್ರಿ ಮುಟ್ಟುತ್ತಿತ್ತು. 100 ಡಿಗ್ರಿಯಾದರೆ ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಧೂಳು ಊದಿದೆ, ಪ್ರೊಸೆಸರ್‌ಗೂ ಅದರ ಮೇಲೆ ಕೂತು ತಂಪು ಮಾಡುವ ಕೂಲರ್‌ಗೂ ನಡುವೆ ಶಾಖ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸಿದೆ, ಇನ್ನೊಂದು ಫ್ಯಾನ್ ಕೂರಿಸಿದೆ. ಎಲ್ಲ ಸೇರಿ ಇಳಿದದ್ದು 3 ಡಿಗ್ರಿ. ಆದರೆ ಅಷ್ಟು ಕಾವಿನಲ್ಲೂ ಕೂಲರ್‌ನ ರೆಕ್ಕೆಗಳನ್ನು ಮುಟ್ಟಿದರೆ ಬರೀ ಬೆಚ್ಚಗಿರುತ್ತಿದ್ದವು. ಶಾಖ ಅಲ್ಲಿಯವರೆಗೆ ಬರುತ್ತಲೇ ಇಲ್ಲ, ಒಳಗೇ ಎಲ್ಲೋ ತಡೆದು ನಿಂತಿದೆ ಎಂಬ ಅನುಮಾನ ಹುಟ್ಟಿದ್ದು ಹಾಗೆ.

ಪ್ರೊಸೆಸರ್‌ನ ಮೇಲೆ ಕಾಣುವ ಲೋಹದ ಮುಚ್ಚಳವೇ ಹೀಟ್‌ಸ್ಪ್ರೆಡರ್. ನಿಕ್ಕಲ್ ಲೇಪಿಸಿದ ತಾಮ್ರದ ತಟ್ಟೆ. ಕೆಲಸ ಮಾಡುವ ಸಿಲಿಕಾನ್ ಚಿಪ್ ಅದರ ಕೆಳಗೆ ಬೆರಳುಗುರಿನಷ್ಟು ಅಗಲದಲ್ಲಿ ಅಡಗಿರುತ್ತದೆ. 2011ರ ಸ್ಯಾಂಡಿ ಬ್ರಿಡ್ಜ್ ಪೀಳಿಗೆಯ ಪ್ರೊಸೆಸರ್‌ಗಳಲ್ಲಿ ಇಂಟೆಲ್ ಈ ಎರಡನ್ನೂ ಬೆಸುಗೆ ಹಾಕಿ ಕೂಡಿಸಿತ್ತು; 2012ರ ಐವಿ ಬ್ರಿಡ್ಜ್‌ನಿಂದ ನಡುವೆ ಸಾಮಾನ್ಯ ಪೇಸ್ಟ್ ತುಂಬತೊಡಗಿತು. ನನ್ನದು 2013ರ ಹ್ಯಾಸ್ವೆಲ್, ಅಂದರೆ ಪೇಸ್ಟ್‌ನ ಕಾಲದ್ದು.

ಮೊದಲು ಕೈ ಪಳಗಿಸಿಕೊಳ್ಳಲೆಂದು ಗುಜರಿಯಿಂದ ಸತ್ತ ಐ5-2400 ಒಂದನ್ನು ತಂದು, ಪರಿಚಯದವರೊಬ್ಬರ ಲೇತ್ ವರ್ಕ್‌ಶಾಪಿನ ಬೆಂಚ್ ವೈಸ್‌ಗೆ ಕೊಟ್ಟೆ. ಅದು ಬೆಸುಗೆಯ ಕಾಲದ್ದೆಂಬುದನ್ನು ನಾನು ಯೋಚಿಸಿರಲಿಲ್ಲ. ಮುಚ್ಚಳ ಬಂತು, ಅದಕ್ಕೆ ಕಚ್ಚಿಕೊಂಡು ಚಿಪ್‌ನ ಅರ್ಧ ಚೂರೂ ಬಂತು. ವರ್ಕ್‌ಶಾಪಿನವರು ಅದನ್ನು ಬೆಳಕಿಗೆ ಹಿಡಿದು, “ಸಾರ್, ಇದು ಬಿಚ್ಚಲಿ ಅಂತ ಮಾಡಿದ್ದಲ್ಲ ಬಿಡ್ರಿ” ಎಂದರು. ಅವರ ಮಾತು ಆ ಪ್ರೊಸೆಸರ್‌ಗೆ ಸರಿಯಾಗಿಯೇ ಇತ್ತು.

ನನ್ನದರ ಸರದಿ ಬಂದಾಗ ವೈಸ್‌ನ ಒಂದು ದವಡೆ ಹಸಿರು ಬೋರ್ಡಿನ ಅಂಚಿಗೂ ಇನ್ನೊಂದು ದವಡೆ ಎದುರುಬದಿಯ ಮುಚ್ಚಳದ ಅಂಚಿಗೂ ತಾಗುವಂತೆ ಇಟ್ಟು, ಹಿಡಿಯನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಿದೆ. ಹ್ಯಾಸ್ವೆಲ್‌ನಲ್ಲಿ ಚಿಪ್‌ನ ಒಂದು ಪಕ್ಕಕ್ಕೆ ಸಣ್ಣ ಬಿಡಿಭಾಗಗಳ ಸಾಲೊಂದಿದೆ. ಮುಚ್ಚಳ ಹೆಚ್ಚು ಜಾರಿದರೆ ಅವು ಕಿತ್ತುಬರುತ್ತವೆ. ಆದ್ದರಿಂದ ‘ಚಟ್’ ಎಂದು ಅಂಟು ಬಿಟ್ಟ ಸದ್ದು ಕೇಳಿದ ಕ್ಷಣಕ್ಕೆ ಕೈ ನಿಲ್ಲಿಸಿ, ಉಳಿದದ್ದನ್ನು ಬೆರಳಿನಿಂದಲೇ ಎತ್ತಿದೆ. ಒಳಗೆ ಕಂಡದ್ದು ಒಣಗಿ ಬೂದುಗಟ್ಟಿದ ಪೇಸ್ಟ್, ಅಂಚಿನ ಸುತ್ತ ದಪ್ಪನೆಯ ಕಪ್ಪು ಸಿಲಿಕೋನ್ ಅಂಟು. ಆ ಅಂಟಿನ ದಪ್ಪವೇ ಮುಚ್ಚಳವನ್ನು ಎತ್ತಿಹಿಡಿದು, ಚಿಪ್‌ಗೂ ತಾಮ್ರಕ್ಕೂ ನಡುವೆ ಸಂದು ಉಳಿಸಿತ್ತು. ಸಂದಿನ ತುಂಬ ಪೇಸ್ಟ್. ತಾಮ್ರದ ಶಾಖವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 400 ವ್ಯಾಟ್ ಇದ್ದರೆ, ಒಳ್ಳೆಯ ಪೇಸ್ಟ್‌ನದೂ ಹತ್ತರ ಆಸುಪಾಸಿನದು. ಪದರ ತೆಳುವಾಗಿದ್ದರೆ ಅದು ನಡೆಯುತ್ತದೆ, ದಪ್ಪವಾದರೆ ಅದೇ ಗೋಡೆಯಾಗುತ್ತದೆ.

ಅಂಟನ್ನು ಹಳೆಯ ಎಟಿಎಂ ಕಾರ್ಡಿನ ಅಂಚಿನಿಂದ ಕೆರೆದು ತೆಗೆದ ಮೇಲೆ, ಮುಚ್ಚಳವೇ ಇಲ್ಲದೆ ಓಡಿಸಿದರೆ ಹೇಗೆ ಎಂಬ ಆಸೆ ನನಗೂ ಬಂತು. ಮುಚ್ಚಳ ಹೋದರೆ ಎತ್ತರ ತಗ್ಗುತ್ತದೆ. ಪ್ರೊಸೆಸರ್ ಕೂರುವ ಸಾಕೆಟ್‌ನ ಹಿಡಿತದ ಚೌಕಟ್ಟು ಕೂಲರ್‌ಗೆ ಅಡ್ಡ ಬರುವುದರಿಂದ ಅದನ್ನೂ ಕಳಚಬೇಕು, ಆಗ ಪ್ರೊಸೆಸರನ್ನು ಪಿನ್‌ಗಳ ಮೇಲೆ ಅದುಮಿಡುವುದು ಕೂಲರ್ ಒಂದೇ. ಮೊದಲ ಸಲ ಎರಡು ರ‍್ಯಾಮ್‌ಗಳಲ್ಲಿ ಒಂದು ಕಾಣಿಸಲೇ ಇಲ್ಲ. ಒಂದು ಮೂಲೆಯ ಸ್ಕ್ರೂ ಕಾಲು ಸುತ್ತು ಬಿಗಿ ಮಾಡಿದ ಮೇಲೆ ಬಂತು. ಹಾಗೆಂದು ಇನ್ನೂ ಬಿಗಿದರೆ ಸಿಲಿಕಾನ್‌ನ ಮೂಲೆ ಮುರಿದೀತೆಂಬ ಭಯ. ನನ್ನ ಕೂಲರ್‌ನ ತಳದಲ್ಲಿ ನಾಲ್ಕು ತಾಮ್ರದ ಕೊಳವೆಗಳಿದ್ದು ನಡುನಡುವೆ ಅಲ್ಯೂಮಿನಿಯಂ ಇದೆ. ಚಿಕ್ಕ ಚಿಪ್ ನೇರವಾಗಿ ಕೂತದ್ದು ನಡುವಿನ ಎರಡು ಕೊಳವೆಗಳ ಮೇಲೆ ಮಾತ್ರ. ಪೇಸ್ಟ್‌ಗಿಂತ ಚೆನ್ನಾಗಿ ಶಾಖ ದಾಟಿಸುವ ದ್ರವಲೋಹ, ಅಂದರೆ ಲಿಕ್ವಿಡ್ ಮೆಟಲ್ ಹಚ್ಚೋಣವೆಂದರೆ ಅದರಲ್ಲಿರುವ ಗ್ಯಾಲಿಯಂ ಅಲ್ಯೂಮಿನಿಯಂ ಅನ್ನು ಪುಡಿಪುಡಿ ಮಾಡಿಬಿಡುತ್ತದೆ, ಹಾಗಾಗಿ ಸಾಮಾನ್ಯ ಪೇಸ್ಟ್ ಹಚ್ಚಿದೆ. ಅದೇ ಪ್ರಾಜೆಕ್ಟ್, ಅದೇ 34 ಡಿಗ್ರಿ ಕೋಣೆ: 86 ಡಿಗ್ರಿ ತೋರಿಸಿತು.

ಎರಡನೆಯ ಪ್ರಯೋಗದಲ್ಲಿ ಮುಚ್ಚಳವನ್ನು ವಾಪಸು ಕೂರಿಸಿದೆ. ಚಿಪ್ ಪಕ್ಕದ ಬಿಡಿಭಾಗಗಳಿಗೆ ಹೆಂಡತಿಯ ನೇಲ್ ಪಾಲಿಶ್ ಎರಡು ಸಲ ಬಳಿದು ಒಣಗಿಸಿದೆ, ಏಕೆಂದರೆ ಲಿಕ್ವಿಡ್ ಮೆಟಲ್ ವಿದ್ಯುತ್ತನ್ನೂ ಹರಿಸುತ್ತದೆ. ಸಿರಿಂಜಿನಿಂದ ಸಾಸಿವೆ ಕಾಳಿನಷ್ಟು ಹನಿ ಬಿಟ್ಟರೆ ಅದು ಪಾದರಸದಂತೆ ಗುಂಡಗೆ ಉರುಳಾಡಿತೇ ಹೊರತು ಹತ್ತಿಕೊಳ್ಳಲಿಲ್ಲ. ಇಯರ್ ಬಡ್‌ನಿಂದ ಒಂದೆರಡು ನಿಮಿಷ ತಾಳ್ಮೆಯಿಂದ ಉಜ್ಜಿದ ಮೇಲೆ ಒಮ್ಮೆಲೇ ಹರಡಿ, ಚಿಪ್ ಸಣ್ಣ ಕನ್ನಡಿಯಂತಾಯಿತು. ಮುಚ್ಚಳದ ಒಳಮೈಗೂ ಅಷ್ಟೇ ತೆಳುವಾಗಿ ಬಳಿದು, ಬೈಕ್ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ ಸಿಲಿಕೋನ್ ಗ್ಯಾಸ್ಕೆಟ್ ಅಂಟನ್ನು ನಾಲ್ಕು ಮೂಲೆಗಳಿಗೆ ಮಾತ್ರ ಚುಕ್ಕಿಯಿಟ್ಟು, ಸಾಕೆಟ್‌ನಲ್ಲೇ ಅದುಮಿ ರಾತ್ರಿಯಿಡೀ ಬಿಟ್ಟೆ. ಮರುದಿನ ಮಧ್ಯಾಹ್ನ ಅದೇ ರೆಂಡರಿಂಗ್ 77 ಡಿಗ್ರಿಯಲ್ಲಿ ಮುಗಿಯಿತು. ಕೂಲರ್‌ನ ರೆಕ್ಕೆಗಳು ಮೊದಲ ಬಾರಿಗೆ ಕೈಗೆ ಬಿಸಿ ತಾಗಿಸಿದವು.

ಹೀಗೆ 94ರಿಂದ 77ಕ್ಕೆ ಇಳಿದು ನನಗೆ ಸಿಕ್ಕ 17 ಡಿಗ್ರಿ ಮುಚ್ಚಳ ತೆಗೆದದ್ದರಿಂದ ಸಿಕ್ಕಿದ್ದಲ್ಲ. ಮುಚ್ಚಳದ ಕೆಳಗಿನ ಸಂದು ಮುಚ್ಚಿ, ಪೇಸ್ಟ್ ಬದಲಾದದ್ದರಿಂದ ಸಿಕ್ಕಿದ್ದು. ತಳವೆಲ್ಲ ತಾಮ್ರವೇ ಇರುವ ಕೂಲರ್ ಮತ್ತು ಅದಕ್ಕೆಂದೇ ಮಾಡಿದ ಚೌಕಟ್ಟು ಇರುವವರಿಗೆ ಬರಿಯ ಚಿಪ್‌ನಿಂದ ಇನ್ನೂ ಕೆಲವು ಡಿಗ್ರಿ ಸಿಗಬಹುದು. ವಾರಂಟಿಯಂತೂ ವೈಸ್ ತಿರುಗಿಸಿದ ದಿನವೇ ಮುಗಿದಂತೆ.

ಸುದ್ದಿ ತಿಳಿದು ಇನ್ನೊಂದು ಸ್ಟುಡಿಯೊದ ಹುಡುಗ ತನ್ನ ಎಎಂಡಿ ಕಂಪನಿಯ ರೈಜೆನ್ 5 3600 ಪ್ರೊಸೆಸರ್ ಹಿಡಿದುಕೊಂಡು ಬಂದು, “ಅಣ್ಣ, ನಂದೂ ಬಿಚ್ಚಿಕೊಡ್ರಿ” ಎಂದ. ಅದರ ಮುಚ್ಚಳ ಬೆಸುಗೆ ಹಾಕಿದ್ದು. ರೈಜೆನ್‌ಗಳಲ್ಲಿ 2200ಜಿ, 2400ಜಿಯಂಥವು ಪೇಸ್ಟ್‌ನವು, ಇದು ಆ ಸಾಲಿನದಲ್ಲ. ಮೇಜಿನ ಡ್ರಾಯರ್‌ನಲ್ಲಿಟ್ಟಿದ್ದ ಐ5-2400ರ ಚೂರನ್ನು ಅವನಿಗೆ ತೋರಿಸಿ, ಅವನ ಕಂಪ್ಯೂಟರನ್ನೇ ತರಿಸಿ ಕೂಲರ್ ಬಿಚ್ಚಿದೆ. ಅವನ ಕೋಣೆ ಮಂಡಕ್ಕಿ ಭಟ್ಟಿಗಳ ಹತ್ತಿರದ್ದು. ರೆಕ್ಕೆಗಳ ನಡುವೆ ಎಣ್ಣೆಮಸಿಯ ಕಂಬಳಿಯೇ ಹಾಸಿತ್ತು. ಬ್ರಷ್ ಹಿಡಿದು ಇಬ್ಬರೂ ಒಂದು ಗಂಟೆ ಉಜ್ಜಿದೆವು.