ಬಣ್ಣ ಮರದೊಳಗೆ, ಹೊಳಪು ಮೇಲೆ

ಈಗೀಗ ಮನೆಯಲ್ಲೇ ಸ್ಟೂಲು, ಟೀಪಾಯಿ, ಪುಸ್ತಕದ ಕಪಾಟು ಮಾಡಿಕೊಳ್ಳುವವರು ಜಾಸ್ತಿಯಾಗಿದ್ದಾರೆ. ನೋಡಿದರೆ ಖುಷಿಯಾಗುತ್ತದೆ. ಕೊಯ್ದು, ಜೋಡಿಸಿ, ಅಲುಗಾಡದಂತೆ ನಿಲ್ಲಿಸುವ ತನಕ ಎಲ್ಲ ಚೆನ್ನಾಗಿಯೇ ಮಾಡುತ್ತಾರೆ. ಕೊನೆಗೆ ಬಣ್ಣ ಬೆರೆಸಿದ ವಾರ್ನಿಶ್ ಡಬ್ಬಿ ತಂದು ದಪ್ಪಗೆ ಬಳಿದುಬಿಡುತ್ತಾರೆ. ಮರದ ಗೆರೆಗಳು ಮುಚ್ಚಿಹೋಗುತ್ತವೆ. ಒಂದು ಗೀರು ಬಿದ್ದರೆ ಸಾಕು, ಒಳಗಿನ ಬಿಳಿ ಮರ ಎದ್ದು ಕಾಣುತ್ತದೆ. ಹಳೇ ಮನೆಗಳ ಬೀಟೆ ಕುರ್ಚಿಯ ಹಾಗೆ ಕಪ್ಪಗೆ ಮಿರುಗಬೇಕು ಅಂದರೆ ಬಣ್ಣದ ಕೆಲಸ ಬೇರೆ, ಹೊಳಪಿನ ಕೆಲಸ ಬೇರೆ ಮಾಡಬೇಕು. ಬಣ್ಣ ಮರದೊಳಗೆ ಇಳಿಯಲಿ. ಹೊಳಪು ಅದರ ಮೇಲೆ ತೆಳ್ಳಗೆ, ಪದರ ಪದರವಾಗಿ ಕೂರಲಿ.

ಮೊದಲು ಉಜ್ಜುವುದು. ಉಪ್ಪುಕಾಗದ 80ನೇ ನಂಬರಿನಲ್ಲಿ (ನಂಬರು ಹೆಚ್ಚಿದಷ್ಟೂ ಕಾಗದ ನುಣುಪು) ಶುರುಮಾಡಿ 120, 180, 220 ಹೀಗೆ ಹೋಗಿ, ಯಾವಾಗಲೂ ಮರದ ಎಳೆಯ ಉದ್ದಕ್ಕೇ. ಅಡ್ಡ ಉಜ್ಜಿದ ಗೀರು ಬಿಳಿ ಮರದಲ್ಲಿ ಕಾಣುವುದಿಲ್ಲ, ಕಪ್ಪು ಹಾಕಿದ ಮೇಲೆ ಒಂದೊಂದೂ ಎದ್ದು ನಿಲ್ಲುತ್ತದೆ. ಸಂಜೆ ದೀಪ ಆರಿಸಿ, ಟಾರ್ಚನ್ನು ಹಲಗೆಗೆ ತಾಗುವ ಹಾಗೆ ಮಲಗಿಸಿ ಬೆಳಕು ಬಿಡಿ. ಎಲ್ಲಿ ತಗ್ಗು, ಎಲ್ಲಿ ಗೀರು ಅಂತ ಅದೇ ಹೇಳುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಿ. ಮರದ ನವಿರು ಎದ್ದು ಮೈ ಒರಟಾಗುತ್ತದೆ. ಅದನ್ನು 220ರಲ್ಲಿ ಹಗುರವಾಗಿ ತೆಗೆದುಬಿಡಿ. ಈ ಹೆಜ್ಜೆ ಬಿಟ್ಟರೆ ಬಣ್ಣ ಹಾಕಿದಾಗ ಆ ನವಿರು ಎದ್ದೇ ಏಳುತ್ತದೆ, ಆಗ ಉಜ್ಜಿದರೆ ಬಣ್ಣವೂ ಹೋಗುತ್ತದೆ.

ಇನ್ನು ಕಪ್ಪು. ಮಳೆಗೆ ನೆನೆದ ಜಾಲಿ ಮರದ ಬಾಗಿಲಲ್ಲಿ ಮೊಳೆಯ ಸುತ್ತ ಕಪ್ಪು ಇಳಿದಿರುತ್ತದೆ, ನೋಡಿದ್ದೀರಿ ಅಲ್ವಾ? ಮರದಲ್ಲಿರುವ ಒಗರಿಗೂ ಕಬ್ಬಿಣಕ್ಕೂ ನೀರು ಸೇರಿದಾಗ ಆಗುವ ಬಣ್ಣ ಅದು. ಹಿಂದಿನವರು ಅಣಲೆಕಾಯಿ ಕಷಾಯಕ್ಕೆ ಅನ್ನಭೇದಿ (ಕಬ್ಬಿಣದ ಒಂದು ಲವಣ) ಬೆರೆಸಿ ಬರೆಯುವ ಶಾಯಿ ಮಾಡುತ್ತಿದ್ದದ್ದೂ ಇದೇ ಗುಣದಿಂದ. ಅದನ್ನೇ ನಾವು ಬೇಕೆಂದು ಮಾಡಬೇಕು. ಗಾಜಿನ ಬಾಟಲಿಯಲ್ಲಿ ಬಿಳಿ ವಿನೆಗರ್ ಹಾಕಿ, ಸೋಪಿನಲ್ಲಿ ತೊಳೆದು ಎಣ್ಣೆ ಹೋಗಿಸಿದ ಸ್ಟೀಲ್ ವುಲ್ (ಕಬ್ಬಿಣದ ಸಣ್ಣ ಎಳೆಗಳ ಗುಂಜು) ಅದರಲ್ಲಿ ಮುಳುಗಿಸಿ. ಪಾತ್ರೆ ತಿಕ್ಕುವ ಸ್ಟೇನ್‌ಲೆಸ್ ಗುಂಜು ಆಗುವುದಿಲ್ಲ, ತುಕ್ಕು ಹಿಡಿಯುವಂಥದ್ದೇ ಬೇಕು. ಮುಚ್ಚಳ ಬಿಗಿ ಮಾಡಬೇಡಿ, ಒಳಗೆ ಹೊತ್ತಿಕೊಳ್ಳುವಂಥ ಗಾಳಿ ಹುಟ್ಟುತ್ತದೆ. ಒಲೆಯಿಂದ ದೂರ ಇಟ್ಟು, ಮೂರು ನಾಲ್ಕು ದಿನ ಬಿಟ್ಟು ಬಟ್ಟೆಯಲ್ಲಿ ಸೋಸಿ.

ಮರಕ್ಕೆ ಮೊದಲು ಗಟ್ಟಿ ಚಹಾ ಡಿಕಾಕ್ಷನ್ ಇಲ್ಲವೇ ಅಣಲೆಕಾಯಿ ಕಷಾಯ ಸವರಿ ಒಣಗಿಸಿ. ಸಿಲ್ವರ್ ಓಕ್, ರಬ್ಬರ್ ಮರಗಳಲ್ಲಿ ಒಗರು ಕಡಿಮೆ, ಇವಕ್ಕೆ ಇದು ಬೇಕೇಬೇಕು. ಒಣಗಿದ ಮೇಲೆ ಸೋಸಿಟ್ಟ ಕಬ್ಬಿಣದ ನೀರು ಹಚ್ಚಿ. ಬೂದಿ ಬಣ್ಣ ಬರುತ್ತದೆ, ನೋಡನೋಡುತ್ತಾ ನೀಲಿ ಮಿಶ್ರಿತ ಕಪ್ಪಿಗೆ ತಿರುಗುತ್ತದೆ. ಸಾಲದಿದ್ದರೆ ಇನ್ನೊಮ್ಮೆ. ಕೈಗೆ ಗ್ಲೌಸ್ ಇರಲಿ, ಚರ್ಮಕ್ಕೆ ಹಿಡಿದ ಕಪ್ಪು ಬೇಗ ಹೋಗುವುದಿಲ್ಲ. ಅದೇ ಮರದ ಚೂರಿನ ಮೇಲೆ ಮೊದಲು ಪರೀಕ್ಷೆ ಮಾಡಿ, ಯಾಕೆಂದರೆ ಒಂದೇ ಜಾತಿಯ ಎರಡು ಹಲಗೆ ಕೂಡ ಬೇರೆ ಬೇರೆ ಕಪ್ಪು ಕೊಡುತ್ತವೆ.

ಒಣಗಿದಾಗ ಬಣ್ಣ ಮಂಕಾಗಿ ಕಾಣುತ್ತದೆ, ಹೆದರಬೇಡಿ. ಬೇಯಿಸಿದ ಅಗಸೆ ಎಣ್ಣೆ, ಅಂಗಡಿಯಲ್ಲಿ ಡಬಲ್ ಬಾಯ್ಲ್ಡ್ ಲಿನ್‌ಸೀಡ್ ಅಂತ ಕೇಳಿ, ತೆಳ್ಳಗೆ ಸವರಿ ಒರೆಸಿದರೆ ಕಪ್ಪಿಗೆ ಆಳ ಬರುತ್ತದೆ. ಒಂದು ವಾರ ಒಣಗಲಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ತಾನೇ ಹೊತ್ತಿಕೊಳ್ಳುತ್ತದೆ. ಅಂಗಳದಲ್ಲಿ ಬಿಡಿಸಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿ ಇಡಿ.

ಹೊಳಪಿಗೆ ನನ್ನ ಮೆಚ್ಚಿನದು ಅರಗು. ಚನ್ನಪಟ್ಟಣದ ಗೊಂಬೆಗಳ ಮಿರುಗಿಗೂ ಇದೇ ಅರಗು ಕಾರಣ, ಅಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಕರಗಿಸುತ್ತಾರೆ. ನಾವು ಅರಗಿನ ಚಕ್ಕೆಯನ್ನು ಪಾಲಿಶ್ ಸ್ಪಿರಿಟ್‌ನಲ್ಲಿ ಕರಗಿಸುತ್ತೇವೆ, ಲೀಟರಿಗೆ 150ರಿಂದ 200 ಗ್ರಾಂ. ರಾತ್ರಿ ಹಾಕಿಟ್ಟು ನಡುನಡುವೆ ಅಲ್ಲಾಡಿಸಿದರೆ ತಾನೇ ಕರಗುತ್ತದೆ, ಬಿಸಿ ಮಾಡುವ ಗೋಜಿಗೆ ಹೋಗಲೇಬೇಡಿ. ಬೇಕಾದಷ್ಟೇ ಮಾಡಿಕೊಳ್ಳಿ. ಹಳೆಯದಾದ ಪಾಲಿಶ್ ಅಂಟುತ್ತಲೇ ಇರುತ್ತದೆ, ಒಣಗುವುದಿಲ್ಲ.

ಹತ್ತಿ ಉಂಡೆಯನ್ನು ಹಳೇ ಪಂಚೆ ಬಟ್ಟೆಯಲ್ಲಿ ಸುತ್ತಿ, ತಳ ಒಂದೂ ಸುಕ್ಕಿಲ್ಲದ ಹಾಗೆ ಬಿಗಿದುಕೊಳ್ಳಿ. ಪಾಲಿಶ್ ಹತ್ತಿಗೆ ಹಾಕಿ, ಬಟ್ಟೆಯ ಹೊರಗಡೆಯಿಂದ ಅದ್ದಬೇಡಿ. ಹಿಂಡಿದರೆ ತೇವ ಕಾಣಬೇಕು, ತೊಟ್ಟಿಕ್ಕಬಾರದು. ಕೈ ಚಲಿಸುತ್ತಲೇ ಹಲಗೆಗೆ ಇಳಿಯಬೇಕು, ಚಲಿಸುತ್ತಲೇ ಮೇಲೇಳಬೇಕು. ನಡುವೆ ನಿಂತಿರೋ, ಉಂಡೆ ಅಂಟಿ ಗುರುತು ಬಿಡುತ್ತದೆ. ಮೊದಲು ಉದ್ದುದ್ದ, ಆಮೇಲೆ ಸುತ್ತು ಸುತ್ತಾಗಿ. ಅಂಟಿಕೊಳ್ಳಲು ಶುರುವಾದರೆ ಉಂಡೆಯ ತಳಕ್ಕೆ ಒಂದೇ ಒಂದು ಹನಿ ಎಣ್ಣೆ ಮುಟ್ಟಿಸಿ. ಸರಿಯಾಗಿ ಹೋಗುತ್ತಿದೆ ಅನ್ನುವುದಕ್ಕೆ ಗುರುತು ಹೇಳುತ್ತೇನೆ: ಉಂಡೆಯ ಹಿಂದೆಯೇ ಕನ್ನಡಿಗೆ ಉಸಿರು ಬಿಟ್ಟ ಹಾಗೆ ಮಂಜು ಹರಿಯುತ್ತದೆ, ಎರಡು ಕ್ಷಣದಲ್ಲಿ ಮಾಯವಾಗುತ್ತದೆ. ಒಂದಷ್ಟು ಪದರ ಕೂತ ಮೇಲೆ ಒಂದು ದಿನ ಬಿಟ್ಟು, 400ರ ಕಾಗದದಲ್ಲಿ ಹೂವಿನಷ್ಟು ಹಗುರವಾಗಿ ಉಜ್ಜಿ ಮತ್ತೆ ಹಚ್ಚಿ. ಮೈ ಸಮವಾಗುವ ತನಕ ಇದೇ ಕೆಲಸ. ತೇಗದಂಥ ರಂಧ್ರ ಜಾಸ್ತಿಯಿರುವ ಮರಕ್ಕೆ ಶುರುವಿನಲ್ಲೇ ಚಾಕ್ ಪುಡಿಗೆ ಕಪ್ಪು ಬಣ್ಣದ ಪುಡಿ ಸೇರಿಸಿ ಪಾಲಿಶ್‌ನಲ್ಲಿ ಕಲಸಿ ತುಂಬಿಸಿಕೊಳ್ಳಿ.

ಮಳೆಗಾಲದಲ್ಲಿ ಈ ಕೆಲಸ ಬೇಡ. ಸ್ಪಿರಿಟ್ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಬೂಷ್ಟು ಹಿಡಿದಂತೆ ಬಿಳಿಚಿಕೊಳ್ಳುತ್ತದೆ. ಹಾಗಾದರೆ ಒಣ ಬಿಸಿಲಿನ ದಿನ ನೋಡಿ, ಸ್ಪಿರಿಟ್ ಸೋಕಿಸಿದ ಉಂಡೆಯನ್ನು ಒಮ್ಮೆ ತೇಲಿಸಿ ಆಡಿಸಿದರೆ ಹೋಗುತ್ತದೆ. ಬಿಸಿ ಲೋಟ, ನೀರು, ಸ್ಯಾನಿಟೈಸರ್ ಅರಗಿಗೆ ಆಗಿಬರುವುದಿಲ್ಲ. ಊಟದ ಮೇಜಿಗಾದರೆ ಮೇಲೆ ಪಿಯು (ಪಾಲಿಯುರೆಥೇನ್ ಎಂಬ ಗಟ್ಟಿ ವಾರ್ನಿಶ್) ಕೋಟ್ ಹಾಕಿ, ಆಗ ಕೆಳಗಿನ ಅರಗು ಮೇಣ ತೆಗೆದದ್ದೇ ಆಗಿರಬೇಕು, ಇಲ್ಲದಿದ್ದರೆ ಪಿಯು ಹಿಡಿಯದೆ ಸಿಪ್ಪೆ ಏಳುತ್ತದೆ. ಕಪಾಟು, ಕುರ್ಚಿ, ದೇವರ ಮಂಟಪಕ್ಕೆ ಅರಗೇ ಸಾಕು. ವರ್ಷಗಳ ಮೇಲೆ ಮಂಕಾದರೂ ಕೆರೆದು ತೆಗೆಯುವ ಕೆಲಸವಿಲ್ಲ. ಧೂಳು, ಜಿಡ್ಡು ಒರೆಸಿ ಮೇಲೆ ಹೊಸ ಪಾಲಿಶ್ ಆಡಿಸಿದರೆ ಹಳೆಯ ಪದರ ಸ್ವಲ್ಪ ಕರಗಿ ಹೊಸದರ ಜೊತೆ ಬೆರೆತುಕೊಳ್ಳುತ್ತದೆ.