ಸಾರಜನಕದ ಲೆಕ್ಕ ಮೊದಲು, ಸಾವಯವ ಆಮೇಲೆ

ಸಾವಯವ ಕೃಷಿಗೆ ಹೊರಳಬೇಕು ಎಂದಿರುವವರು ನನ್ನ ಬಳಿ ಮೊದಲು ವಿಚಾರಿಸುವುದು ಹುಳುಗಳ ಬಗ್ಗೆ. ಕಾಯಿಕೊರಕಕ್ಕೆ ಏನು ಸಿಂಪಡಿಸುತ್ತೀರಿ, ಹೇನಿಗೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ನಿಮ್ಮ ಬೆಳೆಗೆ ಸಾರಜನಕ ಎಲ್ಲಿಂದ ಬರುತ್ತದೆ ಎಂದು ಕೇಳುವವರು ವಿರಳ. ಉತ್ಸಾಹದಿಂದ ಸಾವಯವಕ್ಕೆ ಬಂದು ಎರಡನೆಯ, ಮೂರನೆಯ ವರ್ಷಕ್ಕೆ ಕೈಚೆಲ್ಲಿದ ಹಲವರನ್ನು ನೋಡಿದ್ದೇನೆ. ಅವರಲ್ಲಿ ಹುಳುವಿಗೆ ಸೋತವರು ಕಡಿಮೆ. ಹಸಿದ ಬೆಳೆಯನ್ನು ನೋಡಿ ನೋಡಿ ಸೋತವರೇ ಹೆಚ್ಚು. ಹಾಗಾಗಿ ನಾನು ಮಾಡಿದ್ದನ್ನು ಈ ಲೆಕ್ಕದಿಂದಲೇ ಹೇಳುತ್ತೇನೆ.

ನೂರು ಕಿಲೋ ಯೂರಿಯಾದಲ್ಲಿ 46 ಕಿಲೋ ಸಾರಜನಕವಿದೆ. ನೂರು ಕಿಲೋ ಕೊಟ್ಟಿಗೆ ಗೊಬ್ಬರದಲ್ಲಿ ಇರುವುದು ಸುಮಾರು ಅರ್ಧ ಕಿಲೋ. ಆ ಅರ್ಧ ಕಿಲೋ ಕೂಡ ಒಮ್ಮೆಗೇ ಕೈಗೆ ಸಿಗುವುದಿಲ್ಲ. ಹಾಕಿದ ವರ್ಷದ ಬೆಳೆಗೆ ಅದರ ಮೂರರಲ್ಲೊಂದು ಪಾಲು ದಕ್ಕಿದರೆ ಹೆಚ್ಚು, ಉಳಿದದ್ದು ಮುಂದಿನ ವರ್ಷಗಳಲ್ಲಿ ನಿಧಾನವಾಗಿ ಬಿಡುಗಡೆಯಾಗುತ್ತದೆ. ಇತ್ತ ಮೆಕ್ಕೆಜೋಳವು ಒಂದು ಟನ್ ಕಾಳು ಕೊಡಬೇಕಾದರೆ 20ರಿಂದ 25 ಕಿಲೋ ಸಾರಜನಕವನ್ನು ಹೀರಿಕೊಳ್ಳುತ್ತದೆ. ಹೆಕ್ಟೇರಿಗೆ ನಾಲ್ಕು ಟನ್ ಬೇಕೆಂದರೆ 80ರಿಂದ 100 ಕಿಲೋ. ಮಣ್ಣು ತಾನಾಗಿ ಕೊಡುವ ಪಾಲನ್ನು ಕಳೆದರೂ, ಮಿಕ್ಕಿದ್ದನ್ನೆಲ್ಲ ಗೊಬ್ಬರದಿಂದಲೇ ತುಂಬಲು ಹೊರಟರೆ ಹೆಕ್ಟೇರಿಗೆ ಹತ್ತಾರು ಟನ್ ಗೊಬ್ಬರ ಬೇಕು, ಅದೂ ಪ್ರತಿ ಬೆಳೆಗೆ. ಅಷ್ಟು ದನಗಳು ಯಾರ ಕೊಟ್ಟಿಗೆಯಲ್ಲಿವೆ? ಹೊರಗಿನಿಂದ ತರಿಸಿದರೆ ನನ್ನ ಹೊಲ ಹಸಿರಾಗುತ್ತದೆ, ಗೊಬ್ಬರ ಮಾರಿದವನ ಹೊಲ ಬಡವಾಗುತ್ತದೆ. ಅದನ್ನು ಸುಸ್ಥಿರ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಯೂರಿಯಾವನ್ನು ವಿಷವೆಂದು ಬೈಯುವವರ ಸಾಲಿನಲ್ಲಿ ನಾನಿಲ್ಲ. ಜರ್ಮನಿಯ ಫ್ರಿಟ್ಸ್ ಹೇಬರ್ ಗಾಳಿಯ ಸಾರಜನಕದಿಂದ, ಯೂರಿಯಾಕ್ಕೆ ಮೂಲವಾದ ಅಮೋನಿಯಾ ತಯಾರಿಸಿ ತೋರಿಸಿದ್ದು 1909ರಲ್ಲಿ. 1913ರಲ್ಲಿ ಓಪ್ಪೌ ಎಂಬಲ್ಲಿ ಅದರ ಕಾರ್ಖಾನೆ ಶುರುವಾಯಿತು. ಇಂದು ಜಗತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಜನರ ಊಟದ ಹಿಂದೆ ಆ ವಿಧಾನವಿದೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಂದಾಜು. ಬೇರಿಗೂ ನೈಟ್ರೇಟ್ (ಅದು ಹೀರಿಕೊಳ್ಳುವ ಸಾರಜನಕದ ರೂಪ) ಎಂದರೆ ನೈಟ್ರೇಟ್, ಚೀಲದಿಂದ ಬಂತೋ ಸಗಣಿಯಿಂದ ಬಂತೋ ಎಂದು ಬೇರು ವಿಚಾರಿಸುವುದಿಲ್ಲ. ನನ್ನ ತಕರಾರು ಬೇರೆ. ಆ ಅಮೋನಿಯಾ ತಯಾರಾಗುವುದು ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ. ಹೊಲಕ್ಕೆ ಎರಚಿದ್ದರಲ್ಲಿ ದೊಡ್ಡ ಪಾಲು ಬೆಳೆಗೆ ತಲುಪದೆ ಅಂತರ್ಜಲಕ್ಕೆ ಇಳಿಯುತ್ತದೆ ಅಥವಾ ಗಾಳಿಗೆ ಹಾರುತ್ತದೆ. ಹೀಗೆ ಹಾರುವುದರಲ್ಲಿ ಒಂದಾದ ನೈಟ್ರಸ್ ಆಕ್ಸೈಡ್, ನೂರು ವರ್ಷಗಳ ಅವಧಿಯಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಶಾಖವನ್ನು ಹಿಡಿದಿಡುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಚೀಲ ಸುಲಭವಾಗಿ ಸಿಗುವಾಗ ಯಾರೂ ಮಣ್ಣಿಗೆ ಇಂಗಾಲ ಸೇರಿಸುವ ಗೊಡವೆಗೆ ಹೋಗುವುದಿಲ್ಲ. ಯೂರಿಯಾ ಹಾಕಿದ್ದಕ್ಕಿಂತ ಹೆಚ್ಚಾಗಿ, ಅದರ ಭರವಸೆಯಲ್ಲಿ ಉಳಿದದ್ದೆಲ್ಲವನ್ನೂ ಬಿಟ್ಟದ್ದರಿಂದ ನನ್ನ ಮಣ್ಣು ಗಟ್ಟಿಯಾಗಿತ್ತು.

ನಾನು ಇಡೀ ಹೊಲವನ್ನು ಒಮ್ಮೆಗೇ ಬದಲಿಸಲಿಲ್ಲ. ಒಂದು ತುಂಡನ್ನು ಮಾತ್ರ ತೆಗೆದುಕೊಂಡೆ. ಅದರಲ್ಲಿ ಮೊದಲು ಬಿತ್ತಿದ್ದು ಮಾರುವ ಬೆಳೆಯನ್ನಲ್ಲ, ಹಸಿರಾಗಿರುವಾಗಲೇ ಮಣ್ಣಿಗೆ ಸೇರಿಸುವ ದ್ವಿದಳ ಗಿಡವಾದ ಅಪ್ಸೆಣಬನ್ನು. ಇಂತಹ ಗಿಡಗಳ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಹಿಡಿಯುತ್ತವೆ ಎಂಬುದನ್ನು ಹೆಲ್ರೀಗಲ್ ಮತ್ತು ವಿಲ್ಫಾರ್ಟ್ ಎಂಬ ಇಬ್ಬರು ಜರ್ಮನ್ ವಿಜ್ಞಾನಿಗಳು 1880ರ ದಶಕದಲ್ಲೇ ತೋರಿಸಿಕೊಟ್ಟಿದ್ದಾರೆ. ಹೇಬರನ ಕಾರ್ಖಾನೆಗೆ ಭಾರೀ ಒತ್ತಡ ಮತ್ತು ನಾನೂರು ಡಿಗ್ರಿಗೂ ಮೀರಿದ ಶಾಖ ಬೇಕು. ಈ ಗಂಟುಗಳಿಗೆ ಗಿಡ ಕೊಡುವ ಒಂದಿಷ್ಟು ಸಕ್ಕರೆ ಸಾಕು. ಚೆನ್ನಾಗಿ ಬೆಳೆದ ಹಸಿರೆಲೆ ಗೊಬ್ಬರದ ಬೆಳೆ ಆರೇಳು ವಾರಗಳಲ್ಲಿ ಹೆಕ್ಟೇರಿಗೆ 60ರಿಂದ 100 ಕಿಲೋ ಸಾರಜನಕವನ್ನು ಕೂಡಿಡಬಲ್ಲದು. ಹತ್ತಾರು ಟನ್ ಗೊಬ್ಬರ ಹೊರುವ ಬದಲು ಒಂದಿಷ್ಟು ಬೀಜ ಎರಚಿದರೆ ಸಾಕೆಂದರೆ ಯಾರು ಬೇಡವೆನ್ನುತ್ತಾರೆ?

ಆದರೆ ಬಿತ್ತಿದ ಮಾತ್ರಕ್ಕೆ ಸಾರಜನಕ ಕೂಡಿತು ಎಂದುಕೊಳ್ಳಬಾರದು. ನಾನು ಪ್ರತಿ ಸಲವೂ ಹೂ ಬರುವ ಮೊದಲು ಹೊಲದ ಬೇರೆ ಬೇರೆ ಕಡೆಗಳಲ್ಲಿ ಗಿಡಗಳನ್ನು ಸಲಿಕೆಯಿಂದ ಮಣ್ಣುಸಮೇತ ಎತ್ತುತ್ತೇನೆ. ಕೈಯಿಂದ ಕಿತ್ತರೆ ಗಂಟುಗಳು ಮಣ್ಣಿನಲ್ಲೇ ಉಳಿದುಬಿಡುತ್ತವೆ. ಗಂಟನ್ನು ಉಗುರಿನಿಂದ ಸೀಳಿದಾಗ ಒಳಗೆ ನಸುಗೆಂಪು ಬಣ್ಣವಿದ್ದರೆ ಅದು ಕೆಲಸ ಮಾಡುತ್ತಿದೆ ಎಂದರ್ಥ. ನಮ್ಮ ರಕ್ತದ ಹಿಮೋಗ್ಲೋಬಿನ್‌ನ ಸಂಬಂಧಿಯೊಂದು ಅಲ್ಲಿರುವುದರಿಂದ ಆ ಬಣ್ಣ. ಬಿಳಿ ಇದ್ದರೆ ಇನ್ನೂ ಶುರುವಾಗಿಲ್ಲ, ಹಸಿರು ಇಲ್ಲವೇ ಕಂದು ಇದ್ದರೆ ಅದರ ಕಾಲ ಮುಗಿದಿದೆ. ವರ್ಷಗಟ್ಟಲೆ ಯೂರಿಯಾ ಉಂಡ ನೆಲದಲ್ಲಿ ಗಂಟುಗಳು ವಿರಳವಾಗಿರುತ್ತವೆ. ಪುಕ್ಕಟೆ ನೈಟ್ರೇಟ್ ಸಿಗುವಾಗ ಗಿಡ ಬ್ಯಾಕ್ಟೀರಿಯಾಗಳನ್ನು ಸಾಕುವ ಖರ್ಚಿಗೆ ಕೈಹಾಕುವುದಿಲ್ಲ. ಹೊಸದಾಗಿ ಶುರು ಮಾಡುವ ನೆಲದಲ್ಲಿ ನಾನು ಬೀಜಕ್ಕೆ ಆಯಾ ಬೆಳೆಗೆ ಒಗ್ಗುವ, ಗಂಟು ಕಟ್ಟುವ ರೈಜೋಬಿಯಂ ಬ್ಯಾಕ್ಟೀರಿಯಾವನ್ನು ಲೇಪಿಸಿ, ನೆರಳಿನಲ್ಲಿ ಒಣಗಿಸಿ, ಅಂದೇ ಬಿತ್ತುತ್ತೇನೆ.

ಇನ್ನೊಂದು ತಪ್ಪು ತಿಳಿವಳಿಕೆ ಎಲ್ಲೆಡೆ ಹಬ್ಬಿದೆ. ದ್ವಿದಳ ಧಾನ್ಯ ಬೆಳೆದರೆ ನೆಲ ಫಲವತ್ತಾಗುತ್ತದೆ ಎನ್ನುತ್ತಾರೆ. ಸೋಯಾ ಅವರೆಯಂತಹ ಬೆಳೆಯ ಕಾಳನ್ನು ಕೊಯ್ದು ಮಾರಿದರೆ ಹಿಡಿದಿಟ್ಟ ಸಾರಜನಕದ ಬಹುಪಾಲು ಕಾಳಿನೊಂದಿಗೇ ಹೋಗುತ್ತದೆ. ಹೊಟ್ಟನ್ನೂ ಎತ್ತಿಕೊಂಡು ಹೋದರೆ ನೆಲದ ಲೆಕ್ಕ ಸಾಲದಲ್ಲೂ ನಿಲ್ಲಬಹುದು. ಆದ್ದರಿಂದ ನನ್ನ ಪುಸ್ತಕದಲ್ಲಿ ಎರಡು ಬಗೆಯ ದ್ವಿದಳ ಬೆಳೆಗಳಿವೆ. ಒಂದು ನನಗಾಗಿ, ಇನ್ನೊಂದು ನೆಲಕ್ಕಾಗಿ. ಎರಡನೆಯದನ್ನು ಹೂ ಕಾಣುತ್ತಿದ್ದಂತೆ ಮಣ್ಣಿಗೆ ಸೇರಿಸಿಬಿಡುತ್ತೇನೆ. ಕಾಯಿ ಕಟ್ಟಲಿ, ಒಂದಿಷ್ಟು ಕಾಳೂ ಸಿಗಲಿ ಎಂಬ ಆಸೆ ಬರುವುದು ನಿಜ. ಆ ವೇಳೆಗೆ ಕಾಂಡ ನಾರುಗಟ್ಟಿ ಕಳಿಯಲು ಸತಾಯಿಸುತ್ತದೆ.

ಕಳಿಯುವ ಲೆಕ್ಕವನ್ನು ತಿಳಿದ ಮೇಲೆ ನನಗೆ ಹೊಲದ ಅರ್ಧದಷ್ಟು ಒಗಟುಗಳು ಬಿಡಿಸಿಕೊಂಡವು. ಮಣ್ಣಿನ ಸೂಕ್ಷ್ಮಜೀವಿಗಳ ಮೈಯಲ್ಲಿ ಸುಮಾರು ಎಂಟು ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕವಿದೆ. ಉಸಿರಾಟಕ್ಕೆ ಖರ್ಚಾಗುವ ಇಂಗಾಲವನ್ನೂ ಸೇರಿಸಿದರೆ ಅವುಗಳ ಆಹಾರದಲ್ಲಿ 24ಕ್ಕೆ 1ರ ಪ್ರಮಾಣ ಹೊಂದಿಕೆಯಾಗುತ್ತದೆ. ಎಳೆಯ ಅಪ್ಸೆಣಬು, ಅಲಸಂದೆ ಸೊಪ್ಪುಗಳಲ್ಲಿ ಸಾರಜನಕ ಇದಕ್ಕಿಂತ ಸಮೃದ್ಧ. ಅವು ಕಳಿತಾಗ ಮಿಕ್ಕದ್ದು ಬೆಳೆಗೆ ಸಿಗುತ್ತದೆ. ಮೆಕ್ಕೆಜೋಳದ ದಂಟಿನಲ್ಲಿ 60ಕ್ಕೆ 1, ಗೋಧಿಯ ಹುಲ್ಲಿನಲ್ಲಿ 80ಕ್ಕೆ 1ರ ಆಸುಪಾಸು. ಅವನ್ನು ಉತ್ತು ಕೂಡಲೇ ಬಿತ್ತಿದರೆ ಸೂಕ್ಷ್ಮಜೀವಿಗಳು ಕೊರತೆಯ ಸಾರಜನಕವನ್ನು ಮಣ್ಣಿನಿಂದಲೇ ಕಸಿದುಕೊಳ್ಳುತ್ತವೆ, ಸಸಿಗಳು ಹಳದಿಯಾಗುತ್ತವೆ. ಅದನ್ನು ಕಂಡ ರೈತ ರೋಗವೆಂದು ಹೆದರಿ ಏನನ್ನೋ ತಂದು ಸಿಂಪಡಿಸುತ್ತಾನೆ. ನಾನು ಒಣ ದಂಟನ್ನು ಉಳುವುದೇ ಇಲ್ಲ. ಅದನ್ನು ಸಾಲುಗಳ ನಡುವೆ ಹೊದಿಕೆಯಾಗಿ ಹಾಸುತ್ತೇನೆ ಅಥವಾ ಕಾಂಪೋಸ್ಟ್ ರಾಶಿಗೆ ಕೊಡುತ್ತೇನೆ. ಹಸಿರು ಸೊಪ್ಪನ್ನು ಸೇರಿಸಿದ ಮೇಲೆ ಎರಡು ಮೂರು ವಾರ ಬಿಟ್ಟು ಬಿತ್ತುತ್ತೇನೆ.

ಕಾಂಪೋಸ್ಟ್ ವಿಷಯದಲ್ಲಿ ನನಗೆ ಸ್ವಲ್ಪ ಹಠವಿದೆ. ಗೊಬ್ಬರದ ಗುಂಡಿ ಎಂದು ಕರೆದು ಮಳೆಗೆ ತೆರೆದಿಟ್ಟ ತಿಪ್ಪೆಗಳನ್ನು ನೋಡಿದರೆ ಮೈ ಉರಿಯುತ್ತದೆ. ತಿಪ್ಪೆಯಿಂದ ಹರಿದು ಹೋಗುವ ಕಂದು ನೀರಿನಲ್ಲಿ ಪೊಟ್ಯಾಷ್ ಮತ್ತು ಸಾರಜನಕ ಹೋಗುತ್ತವೆ. ಇಂಗ್ಲಿಷ್ ಕೃಷಿವಿಜ್ಞಾನಿ ಆಲ್ಬರ್ಟ್ ಹೋವರ್ಡ್ 1920ರ ದಶಕದಲ್ಲಿ ಇಂದೋರಿನಲ್ಲಿ ರೂಪಿಸಿದ ಪದ್ಧತಿಯ ತಿರುಳು ಇಂದಿಗೂ ಹಳತಾಗಿಲ್ಲ. ಒಣ ಕಸ, ಹಸಿ ಕಸ, ಸಗಣಿ, ಸ್ವಲ್ಪ ಮಣ್ಣು ಅಥವಾ ಬೂದಿ ಪದರ ಪದರವಾಗಿ ಹಾಕಿ, ಗಾಳಿಯಾಡಲು ಆಗಾಗ ತಿರುವಿಹಾಕುವುದು. ನಾನು ರಾಶಿಯನ್ನು ನೆಲದ ಮೇಲೆ, ಎದೆಯೆತ್ತರಕ್ಕೆ ಒಟ್ಟುತ್ತೇನೆ. ಅದಕ್ಕಿಂತ ಚಿಕ್ಕದಾದರೆ ಕಾವು ನಿಲ್ಲುವುದಿಲ್ಲ. ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ ಬಹುತೇಕ ಕಳೆಬೀಜಗಳೂ ರೋಗಾಣುಗಳೂ ಸಾಯುತ್ತವೆ. ರಾಶಿಯ ನಡುವೆ ಕಬ್ಬಿಣದ ಸರಳನ್ನು ಚುಚ್ಚಿಟ್ಟಿರುತ್ತೇನೆ. ಹೊರತೆಗೆದು ಹಿಡಿದಾಗ ಕೈ ತಾಳಲಾರದಷ್ಟು ಬಿಸಿಯಿದ್ದರೆ ಸರಿಯಾಗಿದೆ. ಒಂದು ಹಿಡಿ ತೆಗೆದು ಹಿಂಡಿದರೆ ಒಂದೆರಡು ಹನಿ ಮಾತ್ರ ಬರಬೇಕು. ಧಾರೆಯಾಗಿ ಸುರಿದರೆ ಒಳಗೆ ಗಾಳಿಯಿಲ್ಲ, ಕೊಳೆತು ನಾರುತ್ತದೆ. ಮೂಗಿಗೆ ಅಮೋನಿಯಾದ ಘಾಟು ಹೊಡೆದರೆ ಸಾರಜನಕ ಹಾರಿಹೋಗುತ್ತಿದೆ ಎಂದು ತಿಳಿದು ಒಣ ಎಲೆಯನ್ನೋ ಹುಲ್ಲನ್ನೋ ಬೆರೆಸಬೇಕು. ಬಲಿತ ಕಾಂಪೋಸ್ಟಿಗೆ ಮಳೆ ಬಿದ್ದ ಮಣ್ಣಿನ ವಾಸನೆ ಇರುತ್ತದೆ.

ಹೊರಗಿನ ಗೊಬ್ಬರವನ್ನು ಕೊಳ್ಳಲೇಬೇಕಾದಾಗ ನಾನು ಹುರುಳಿಕಾಯಿಯ ಬೀಜಗಳನ್ನು ಕೇಳಿಯೇ ಕೊಳ್ಳುವುದು. ಅಮಿನೋಪೈರಾಲಿಡ್, ಕ್ಲೋಪೈರಾಲಿಡ್‌ನಂತಹ ಕಳೆನಾಶಕಗಳು ಹುಲ್ಲಿನ ಮೂಲಕ ದನದ ಹೊಟ್ಟೆಯನ್ನು ಹೊಕ್ಕು, ಸಗಣಿಯಲ್ಲಿ ಹೊರಬಂದು, ಕಾಂಪೋಸ್ಟ್ ಕಾವಿನಲ್ಲೂ ಉಳಿದುಕೊಳ್ಳುತ್ತವೆ. ಕೆಲವು ಕುಂಡಗಳಲ್ಲಿ ಆ ಗೊಬ್ಬರವನ್ನು ಬೆರೆಸಿದ ಮಣ್ಣು, ಇನ್ನು ಕೆಲವು ಕುಂಡಗಳಲ್ಲಿ ಬರಿಯ ಮಣ್ಣು ಹಾಕಿ ಬೀಜ ಊರುತ್ತೇನೆ. ಮೂರು ವಾರಗಳಲ್ಲಿ ಗೊಬ್ಬರದ ಕುಂಡದ ಎಲೆಗಳು ಮಾತ್ರ ಮುದುಡಿ, ಬಟ್ಟಲಿನಂತೆ ಮಡಚಿಕೊಂಡರೆ ಆ ಸರಕು ಬೇಡ. ಸಸಿಗಳಿಗೆ ಸುಳ್ಳು ಹೇಳಲು ಬರುವುದಿಲ್ಲ, ಮಾರುವವನಿಗೆ ಬರುತ್ತದೆ.

ಸಗಣಿ, ಗಂಜಲ, ಬೆಲ್ಲ ಹುದುಗಿಸಿದ ದ್ರಾವಣಗಳ ಬಗ್ಗೆಯೂ ಕೇಳುತ್ತಾರೆ. ನಾನೂ ಮಾಡುತ್ತೇನೆ, ರಾಶಿ ಬೇಗ ಕಳಿಯಲೆಂದು ಚಿಮುಕಿಸುತ್ತೇನೆ. ಹೆಕ್ಟೇರಿಗೆ ಕೆಲವು ನೂರು ಲೀಟರ್ ಸುರಿದರೆ ಅದರೊಂದಿಗೆ ಹೋಗುವ ಸಾರಜನಕ ಬೆರಳೆಣಿಕೆಯ ಕಿಲೋಗಳು. ಅದೊಂದರಿಂದಲೇ ಬೆಳೆ ತೆಗೆಯುತ್ತೇನೆ ಎನ್ನುವವರು ಮಣ್ಣಿನ ಹಳೆಯ ಉಳಿತಾಯವನ್ನು ಕರಗಿಸುತ್ತಿದ್ದಾರೆ ಎಂದೇ ನನ್ನ ಅನುಮಾನ. ರಂಜಕದ ಕತೆ ಇನ್ನೂ ಬಿಗಿ, ಗಾಳಿಯಿಂದ ಅದು ಬರುವುದಿಲ್ಲ. ಮಾರಿದ ಕಾಳಿನೊಂದಿಗೆ ಹೋದದ್ದನ್ನು ಗೊಬ್ಬರ, ಹಿಂಡಿ ಇವುಗಳಿಂದಲೇ ವಾಪಸು ತರಬೇಕು. ರಂಜಕವಿರುವ ಕಲ್ಲಿನ ಪುಡಿಯಾದ ಶಿಲಾರಂಜಕ ಹುಳಿ ಮಣ್ಣಿನಲ್ಲಿ ಮಾತ್ರ ಚೆನ್ನಾಗಿ ಕರಗುತ್ತದೆ.

ಹುಳುಗಳಿಗೆ ಈಗ ಬರುತ್ತೇನೆ. ಸಸ್ಯಹೇನು ಮೊದಲು ಬರುತ್ತದೆ, ಅದನ್ನು ತಿನ್ನುವ ಗುಲಗಂಜಿ ಹುಳು ಆಮೇಲೆ ಬರುತ್ತದೆ. ಈ ನಡುವಿನ ಅಂತರದಲ್ಲಿ ಕೈಕಟ್ಟಿ ಕೂರುವುದೇ ಕಷ್ಟದ ಕೆಲಸ. ಸಾರಜನಕ ಅತಿಯಾಗದ ಬೆಳೆಯಲ್ಲಿ ಹೇನಿನ ಕಾಟವೂ ಮಿತ. ತೀರಾ ಮಿತಿಮೀರಿದರೆ ಬೇವಿನ ಎಣ್ಣೆಯನ್ನು ಸಂಜೆ ಸಿಂಪಡಿಸುತ್ತೇನೆ, ಬಿಸಿಲಿಗೆ ಅದರ ಸತ್ವ ಬೇಗ ಹಾಳಾಗುತ್ತದೆ. ಎಲೆಕೋಸಿನ ಹುಳುವಿಗೆ ಬಿಟಿ (ಬ್ಯಾಸಿಲಸ್ ತುರಿಂಜೆನ್ಸಿಸ್) ಎಂಬ ಬ್ಯಾಕ್ಟೀರಿಯಾದ ಪುಡಿ ಸಾಕು, ಆದರೆ ಮರಿಹುಳುಗಳಿದ್ದಾಗಲೇ. ಸಾವಯವವೆಂದರೆ ವಿಷವಿಲ್ಲ ಎಂಬ ಮಾತನ್ನು ಮಾತ್ರ ನಾನು ಹೇಳುವುದಿಲ್ಲ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣಕ್ಕೆ ಸಾವಯವದಲ್ಲಿ ಅನುಮತಿಯಿದೆ. ತಾಮ್ರ ಮಣ್ಣಿನಲ್ಲಿ ಕರಗಿ ಮಾಯವಾಗುವುದಿಲ್ಲ, ಕೂಡುತ್ತ ಹೋಗುತ್ತದೆ, ಎರೆಹುಳುಗಳಿಗೆ ಕೇಡು. ಯುರೋಪಿಯನ್ ಒಕ್ಕೂಟ ಅದಕ್ಕೆ ಏಳು ವರ್ಷಗಳಲ್ಲಿ ಹೆಕ್ಟೇರಿಗೆ 28 ಕಿಲೋ ಎಂಬ ಮಿತಿ ಹಾಕಿರುವುದು ಸುಮ್ಮನೆ ಅಲ್ಲ.

ಬೆವರು ಹರಿಯುವುದು ಕಳೆಯಲ್ಲಿ. ಕಳೆನಾಶಕ ಬಿಟ್ಟ ಮೇಲೆ ಕೂಲಿಯ ಖರ್ಚು ಏರುತ್ತದೆ, ಇದನ್ನು ಮುಚ್ಚಿಡುವ ಸಾವಯವ ಪ್ರಚಾರಕರ ಮೇಲೆ ನನಗೆ ಸಿಟ್ಟಿದೆ. ನನಗೆ ನೆರವಾದದ್ದು ಬಿತ್ತುವ ಮೊದಲೇ ಕಳೆಯನ್ನು ಕರೆದು ಕೊಲ್ಲುವ ಉಪಾಯ. ಹೊಲ ಹದಮಾಡಿ, ನೀರು ಕೊಟ್ಟು, ಕಳೆಬೀಜಗಳು ಮೊಳೆಯುವವರೆಗೆ ಕಾಯುತ್ತೇನೆ. ಬಳಿಕ ಮೇಲಿನ ಒಂದೆರಡು ಅಂಗುಲವನ್ನಷ್ಟೇ ಕುಂಟೆಯಿಂದ ಕೆರೆದು, ಆಮೇಲೆ ಬಿತ್ತುತ್ತೇನೆ. ಆಳಕ್ಕೆ ಹೋದರೆ ಕೆಳಗೆ ಮಲಗಿದ್ದ ಹೊಸ ಬೀಜಗಳು ಮೇಲೆ ಬರುತ್ತವೆ.

ಇಳುವರಿ ಕಡಿಮೆಯಾಯಿತೇ? ಆಯಿತು. ಸ್ವಿಟ್ಜರ್ಲೆಂಡಿನ ಬಾಸೆಲ್ ಬಳಿ 1978ರಿಂದ ಸಾವಯವ ಮತ್ತು ರಾಸಾಯನಿಕ ಪದ್ಧತಿಗಳನ್ನು ಅಕ್ಕಪಕ್ಕದಲ್ಲಿ ಬೆಳೆಸಿ ಹೋಲಿಸುತ್ತಿದ್ದಾರೆ. ಅಲ್ಲಿನ 21 ವರ್ಷಗಳ ಫಲಿತಾಂಶದಲ್ಲಿ ಸಾವಯವದ ಇಳುವರಿ ಸರಾಸರಿ 20% ಕಡಿಮೆ. ಆದರೆ ಗೊಬ್ಬರ ಮತ್ತು ಇಂಧನದ ಬಳಕೆ 34ರಿಂದ 53%, ಕೀಟನಾಶಕದ ಬಳಕೆ 97% ಇಳಿದಿತ್ತು. ನನ್ನ ಹೊಲದಲ್ಲಿ ಕುಸಿತ ಮೊದಲ ವರ್ಷಗಳಲ್ಲಿ ಹೆಚ್ಚಿತ್ತು, ಮಣ್ಣು ಚೇತರಿಸಿದಂತೆ ಕಿರಿದಾಯಿತು. ದ್ವಿದಳ ಬೆಳೆಗಳಲ್ಲಿ ಹೆಚ್ಚು ವ್ಯತ್ಯಾಸವಿಲ್ಲ, ಮೆಕ್ಕೆಜೋಳದಲ್ಲಿ ಇಂದಿಗೂ ಇದೆ. ಶ್ರೀಲಂಕಾ 2021ರಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ಇದ್ದಕ್ಕಿದ್ದಂತೆ ನಿಷೇಧಿಸಿ, ಅದೇ ವರ್ಷ ಹಿಂದೆ ಸರಿಯಬೇಕಾಯಿತು. ಅದರ ಪರಿಣಾಮವಾಗಿ ಭತ್ತದ ಬೆಳೆ ಕುಸಿಯಿತು. ಸಾವಯವದ ವಿರೋಧಿಗಳು ಈ ಉದಾಹರಣೆಯನ್ನು ಕೈಯಲ್ಲೇ ಹಿಡಿದು ಓಡಾಡುತ್ತಾರೆ. ನನಗೆ ಅದರಲ್ಲಿ ಕಾಣುವುದು ಇಷ್ಟೇ: ಗಾಳಿಯ ಸಾರಜನಕ ಹಿಡಿಯುವ ಬೆಳೆಗಳನ್ನು ಸರದಿಯಲ್ಲಿ ತರಲು, ಕಾಂಪೋಸ್ಟ್ ಕೂಡಿಸಲು ವರ್ಷಗಳು ಬೇಕು, ಅವರು ಒಂದು ಹಂಗಾಮನ್ನೂ ಕೊಡಲಿಲ್ಲ.

ಮುಂದಿನ ತುಂಡನ್ನು ಯಾವಾಗ ಬದಲಿಸಬೇಕು ಎಂದು ನಿರ್ಧರಿಸಲು ಮೊದಲ ತುಂಡಿನ ಮಣ್ಣನ್ನೇ ನೋಡುತ್ತೇನೆ. ಪ್ರಯೋಗಾಲಯದಲ್ಲಿ ಸಾವಯವ ಇಂಗಾಲದ ಅಂಕಿ ಬಹಳ ನಿಧಾನವಾಗಿ ಏರುತ್ತದೆ. ಒಂದು ಹೆಕ್ಟೇರಿನ ಮೇಲ್ಮಣ್ಣು ಸುಮಾರು 2,000 ಟನ್ ತೂಗುತ್ತದೆ, ಅದರಲ್ಲಿ ಇಂಗಾಲ 0.1% ಏರಬೇಕೆಂದರೆ ಎರಡು ಟನ್ ಇಂಗಾಲ ಅಲ್ಲಿ ನಿಲ್ಲಬೇಕು, ಹಾಕಿದ್ದರಲ್ಲಿ ಬಹುಪಾಲು ಮತ್ತೆ ಗಾಳಿಗೆ ಸೇರುತ್ತದೆ. ಹಾಗಾಗಿ ಒಣಗಿದ ಹೆಂಟೆಯೊಂದನ್ನು ನೀರು ತುಂಬಿದ ಗಾಜಿನ ಲೋಟದಲ್ಲಿ ಜಾಲರಿಯ ಮೇಲೆ ಇಡುತ್ತೇನೆ. ಇನ್ನೂ ಬದಲಿಸದ ತುಂಡಿನ ಹೆಂಟೆ ಕೆಲವು ನಿಮಿಷಗಳಲ್ಲೇ ಕರಗಿ ರಾಡಿಯಾಗುತ್ತದೆ. ಬದಲಿಸಿದ ತುಂಡಿನದು ಬಹಳ ಹೊತ್ತು ಹಾಗೆಯೇ ನಿಲ್ಲುತ್ತದೆ. ಈ ವ್ಯತ್ಯಾಸ ಕಣ್ಣಿಗೆ ಕಾಣುವವರೆಗೆ ಎರಡನೆಯ ತುಂಡಿಗೆ ಕೈಹಾಕುವುದಿಲ್ಲ.

ಪ್ರಮಾಣಪತ್ರ ಬೇಕಾದವರಿಗೆ ಒಂದು ಮಾತು. ವಾರ್ಷಿಕ ಬೆಳೆಗಳಿಗೆ ಹಲವು ದೇಶಗಳ ನಿಯಮ ಎರಡು ವರ್ಷಗಳ ಪರಿವರ್ತನೆಯ ಅವಧಿಯನ್ನು ಕೇಳುತ್ತದೆ, ಅಮೆರಿಕ ಮೂರು ವರ್ಷ ಕೇಳುತ್ತದೆ. ಆ ಅವಧಿಯಲ್ಲಿ ಬೆಳೆದದ್ದಕ್ಕೆ ಸಾವಯವದ ಬೆಲೆ ಸಿಗುವುದಿಲ್ಲ, ಇಳುವರಿಯೂ ಆಗಲೇ ಅತಿ ಕಡಿಮೆ. ನೆಲಕ್ಕಾಗಿ ಬೆಳೆಯುವ ಅಪ್ಸೆಣಬು, ಡಯಾಂಚಗಳನ್ನು ನಾನು ಆ ವರ್ಷಗಳಿಗೇ ಹೊಂದಿಸಿದೆ. ಹೇಗೂ ಕಡಿಮೆ ಬರುವ ವರ್ಷದಲ್ಲಿ ಒಂದು ಹಂಗಾಮನ್ನು ಮಣ್ಣಿಗೆ ಬಿಟ್ಟುಕೊಟ್ಟರೆ ಕೈಬಿಟ್ಟು ಹೋಗುವ ಹಣ ಅಷ್ಟು ದೊಡ್ಡದಲ್ಲ, ಪ್ರಮಾಣಪತ್ರ ಕೈಸೇರುವ ಹೊತ್ತಿಗೆ ಮೆಕ್ಕೆಜೋಳಕ್ಕೆ ಬೇಕಾದ ಸಾರಜನಕದ ಒಳ್ಳೆಯ ಪಾಲು ನೆಲದಲ್ಲೇ ಇರುತ್ತದೆ.