ಉತ್ತರಕ್ಕಿಂತ ಮೊದಲು ಪ್ರಶ್ನೆ: ಓದುಗರ ಆರೋಗ್ಯ ಪತ್ರಗಳನ್ನು ನಿಭಾಯಿಸಿದ ನನ್ನ ಅನುಭವ

ಆರೋಗ್ಯ ಮತ್ತು ವ್ಯಾಯಾಮದ ಮಾಸಪತ್ರ ನಡೆಸುವವರಿಗೆ ಲೇಖನ ಬರೆಯುವುದಕ್ಕಿಂತ ಓದುಗರ ಪತ್ರಗಳಿಗೆ ಉತ್ತರಿಸುವುದೇ ದೊಡ್ಡ ಹೊರೆ ಎಂಬುದನ್ನು ಈ ಕೆಲಸದಲ್ಲಿರುವ ಯಾರಿಗೂ ನಾನು ಹೊಸದಾಗಿ ಹೇಳಬೇಕಾಗಿಲ್ಲ. ಫಿಸಿಯೋಥೆರಪಿ ವೃತ್ತಿಯ ಜೊತೆಗೇ ಧಾರವಾಡದಿಂದ ನಾನು ಹೊರಡಿಸುವ ಎಂಟು ಪುಟಗಳ ಮಾಸಪತ್ರಕ್ಕೆ ಈಗ 1,800ರ ಆಸುಪಾಸಿನಲ್ಲಿ ಚಂದಾದಾರರಿದ್ದಾರೆ. ಅರ್ಧದಷ್ಟು ಮಂದಿಗೆ ಅದು ಅಂಚೆಯಲ್ಲಿ ಹೋಗುತ್ತದೆ, ಉಳಿದವರಿಗೆ ಇಮೇಲ್ ಅಥವಾ ವಾಟ್ಸ್‌ಆ್ಯಪ್‌ನಲ್ಲಿ. ತಿಂಗಳಿಗೆ ಇನ್ನೂರು ಪತ್ರಗಳಾದರೂ ಬರುತ್ತವೆ. ಅವುಗಳಿಗೆ ನೇರವಾಗಿ ಉತ್ತರ ಬರೆಯುವುದನ್ನು ನಿಲ್ಲಿಸಿ, ಮೊದಲು ಒಂದು ಪ್ರಶ್ನಾಪತ್ರ ಕಳಿಸಿ, ಅದು ತುಂಬಿ ಬಂದ ಮೇಲಷ್ಟೇ ಉತ್ತರಿಸುತ್ತೇನೆ ಎಂದು ನಾನು ಹೇಳಿದಾಗ, ಇಂಥದೇ ಮಾಸಪತ್ರಗಳನ್ನು ನಡೆಸುವ ಇಬ್ಬರು ಗೆಳೆಯರು ನಕ್ಕಿದ್ದರು. ಚಂದಾ ಕಟ್ಟಿದವನಿಗೆ ಬೇಕಾದದ್ದು ಉತ್ತರವೇ ಹೊರತು ಪರೀಕ್ಷೆಯಲ್ಲ, ಆರು ತಿಂಗಳಲ್ಲಿ ಅರ್ಧ ಜನ ಬಿಟ್ಟು ಹೋಗುತ್ತಾರೆ ಎಂಬುದು ಅವರ ವಾದ. ಮೂರು ವರ್ಷಗಳಾಗುತ್ತ ಬಂದವು, ಜನ ಹೋಗಲಿಲ್ಲ. ಆ ಇಬ್ಬರಲ್ಲಿ ಒಬ್ಬರು ಕಳೆದ ತಿಂಗಳು ನನ್ನ ಪ್ರಶ್ನಾಪತ್ರದ ನಮೂನೆ ಕೇಳಿ ಬರೆದಿದ್ದಾರೆ. ಹಾಗಾಗಿ ಇದನ್ನು ಎಲ್ಲರಿಗೂ ತಿಳಿಯುವಂತೆ ಬರೆಯುವ ಧೈರ್ಯ ಮಾಡಿದ್ದೇನೆ.

ಇದಕ್ಕೂ ಮುಂಚೆ ನಡೆದ ಪ್ರಯತ್ನಗಳು ಒಂದೂ ಬಾಳಲಿಲ್ಲ. ಎಲ್ಲರೂ ಮಾಡುವಂತೆ ಮೊದಲು ಸಿದ್ಧ ಉತ್ತರಗಳನ್ನು ಬರೆದಿಟ್ಟೆ. ಮಂಡಿನೋವು, ಸಕ್ಕರೆ, ಹೊಟ್ಟೆಯ ಬೊಜ್ಜು, ನಿದ್ರೆ ಎಂದು ನಲವತ್ತರಷ್ಟು ಉತ್ತರಗಳಿದ್ದವು. ಪತ್ರ ಓದುವುದು, ಹೊಂದುವ ಉತ್ತರವನ್ನು ಆರಿಸುವುದು, ಕಳಿಸುವುದು. ಕೆಲಸ ಬೇಗ ಸಾಗುತ್ತಿತ್ತು, ಆದರೆ ಉತ್ತರ ಪಡೆದವರೇ ಅದೇ ಪ್ರಶ್ನೆಯನ್ನು ಎರಡು ತಿಂಗಳ ನಂತರ ಬೇರೆ ಮಾತಿನಲ್ಲಿ ಮತ್ತೆ ಕೇಳುತ್ತಿದ್ದರು. ಆಮೇಲೆ ಆಹಾರ ವಿಜ್ಞಾನ ಓದಿದ ಒಬ್ಬ ತರುಣಿಯನ್ನು ತಿಂಗಳಿಗೆ ಎಂಟು ಸಾವಿರ ಕೊಟ್ಟು ಅರೆಕಾಲಿಕವಾಗಿ ನೇಮಿಸಿಕೊಂಡೆ. ಆಕೆ ಶ್ರದ್ಧೆಯಿಂದ ಎರಡೆರಡು ಪುಟ ಬರೆಯುತ್ತಿದ್ದಳು. ಪ್ರತಿ ಉತ್ತರವೂ ಮೂರು ಹೊಸ ಪ್ರಶ್ನೆಗಳನ್ನು ಹೊತ್ತು ತಂದು, ಪತ್ರಗಳ ಸಂಖ್ಯೆ ವರ್ಷದೊಳಗೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ವರ್ಷಕ್ಕೆ 300 ರೂಪಾಯಿ ಚಂದಾ ಇರುವ ಪತ್ರದಲ್ಲಿ ಮುದ್ರಣ ಮತ್ತು ಅಂಚೆ ಕಳೆದು ಉಳಿಯುವ ಹಣದಿಂದ ಆ ಸಂಬಳ ಕೊಡುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆಯೇ ಆಗಿತ್ತು. ಭಾನುವಾರ ಬೆಳಿಗ್ಗೆ ಒಂದು ಗಂಟೆ ದೂರವಾಣಿಯಲ್ಲಿ ಸಿಗುತ್ತೇನೆಂದು ಪ್ರಕಟಿಸಿದ್ದೂ ಉಂಟು. ಆ ಒಂದು ಗಂಟೆಯನ್ನು ಹತ್ತು ಹನ್ನೆರಡು ಮಂದಿ ನಿವೃತ್ತರೇ ತಮ್ಮೊಳಗೆ ಹಂಚಿಕೊಂಡುಬಿಟ್ಟರು. ಅವರಲ್ಲಿ ಇಬ್ಬರಿಗೆ ಆರೋಗ್ಯದ ಪ್ರಶ್ನೆಯೇ ಇರುತ್ತಿರಲಿಲ್ಲ.

ದಾರಿ ಬದಲಾದದ್ದು ಹಾವೇರಿ ಕಡೆಯ ಒಬ್ಬ ಓದುಗರ ಪತ್ರದಿಂದ. ವಯಸ್ಸು ಐವತ್ತೆಂಟು, ಸಕ್ಕರೆ ಕಾಯಿಲೆ ಇದೆ, ತೂಕ ಇಳಿಸಲು ದಿನಕ್ಕೆ ಹದಿನಾರು ಗಂಟೆ ಉಪವಾಸ ಮಾಡಬಹುದೇ ಎಂದು ಒಂದೇ ಸಾಲಿನಲ್ಲಿ ಕೇಳಿದ್ದರು. ಸಿದ್ಧ ಉತ್ತರದ ಕಡತದಲ್ಲಿ ಉಪವಾಸದ ಬಗ್ಗೆ ಚೆನ್ನಾಗಿಯೇ ಬರೆದದ್ದಿತ್ತು. ಅದನ್ನು ಕಳಿಸುವ ಮೊದಲು ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಎಂದು ಕೇಳಿ ಬರೆದೆ, ಗ್ಲಿಮೆಪಿರೈಡ್ ಎಂದು ಉತ್ತರ ಬಂತು. ಹೊಟ್ಟೆ ಖಾಲಿಯಿದ್ದರೂ ಸಕ್ಕರೆ ಇಳಿಸುತ್ತಲೇ ಇರುವ ಮಾತ್ರೆ ಅದು. ಮೆಟ್‌ಫಾರ್ಮಿನ್ ಒಂದನ್ನೇ ನುಂಗುವವರಿಗೆ ಉಪವಾಸದಲ್ಲಿ ಸಕ್ಕರೆ ಕುಸಿಯುವ ಭಯ ಕಡಿಮೆ. ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇರುವವರು ವೈದ್ಯರನ್ನು ಕೇಳದೆ ರಾತ್ರಿಯ ಊಟದಿಂದ ಮರುದಿನ ಮಧ್ಯಾಹ್ನದವರೆಗೆ ಹೊಟ್ಟೆ ಖಾಲಿ ಬಿಟ್ಟರೆ ಬಚ್ಚಲಲ್ಲೋ ಹೊಲದಲ್ಲೋ ಕುಸಿದು ಬೀಳಬಹುದು. ಪ್ರಶ್ನೆ ಒಂದೇ ಆಗಿದ್ದರೂ ಉತ್ತರವನ್ನು ನಿರ್ಧರಿಸುವ ಸಂಗತಿ ಪತ್ರದಲ್ಲಿ ಇರುವುದೇ ಇಲ್ಲ ಎಂಬುದು ಅಂದು ನನಗೆ ಖಚಿತವಾಯಿತು.

ಪ್ರಶ್ನಾಪತ್ರವನ್ನು ಒಂದು ಹಾಳೆಗೆ ಮೀರದಂತೆ ಇಟ್ಟಿದ್ದೇನೆ. ಮೊದಲನೆಯದು, ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಬಾಯಿಗೆ ಹೋದದ್ದೆಲ್ಲವನ್ನೂ ಗಂಟೆಯ ಸಮೇತ ಬರೆಯಬೇಕು. ‘ಸಾಮಾನ್ಯವಾಗಿ ಏನು ತಿನ್ನುತ್ತೀರಿ’ ಎಂದು ಕೇಳಿದರೆ ಎಲ್ಲರೂ ಋಷಿಗಳೇ. ‘ನಿನ್ನೆ’ ಎಂದು ಕೇಳಿದರೆ ಮಾತ್ರ ಸಂಜೆಯ ಮಿರ್ಚಿ ಮಂಡಕ್ಕಿ ಹೊರಗೆ ಬರುತ್ತದೆ. ಅಳತೆಯ ವಿಷಯದಲ್ಲಿ ನಾನು ಊರಿಗೆ ತಕ್ಕಂತೆ ಕೇಳುತ್ತೇನೆ. ‘ಎರಡು ಮುದ್ದೆ’ ಎಂಬ ಮಾತಿಗೆ ಅರ್ಥವಿಲ್ಲ, ಏಕೆಂದರೆ ಮಂಡ್ಯದ ಹೊಲದಲ್ಲಿ ದುಡಿಯುವವರ ಮುದ್ದೆಯೂ ಬೆಂಗಳೂರಿನ ದರ್ಶಿನಿಯ ಮುದ್ದೆಯೂ ಒಂದೇ ಅಲ್ಲ; ಆದ್ದರಿಂದ ಒಂದು ಪಾವು ಹಿಟ್ಟಿಗೆ ನಿಮ್ಮ ಮನೆಯಲ್ಲಿ ಎಷ್ಟು ಮುದ್ದೆ ಕಟ್ಟುತ್ತೀರಿ ಎಂದು ಕೇಳುತ್ತೇನೆ. ಅನ್ನ ಬಿಟ್ಟು ರಾಗಿಗೆ ಬಂದೆ, ಆದರೂ ಸಕ್ಕರೆ ಇಳಿಯುತ್ತಿಲ್ಲ ಎಂಬ ದೂರಿಗೆ ಹತ್ತರಲ್ಲಿ ಏಳು ಸಲ ಉತ್ತರ ಅಲ್ಲೇ ಸಿಗುತ್ತದೆ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂನ ಆಸುಪಾಸು ಕ್ಯಾಲ್ಸಿಯಂ ಇದೆ, ನಾರೂ ಇದೆ, ಅದೆಲ್ಲ ನಿಜ. ಶರ್ಕರಪಿಷ್ಟವೂ ಎಪ್ಪತ್ತು ಗ್ರಾಂನ ಹತ್ತಿರ ಇದೆ, ಅಕ್ಕಿಗಿಂತ ಬಹಳವೇನೂ ಕಡಿಮೆಯಲ್ಲ.

ಪ್ರೋಟೀನಿನ ಲೆಕ್ಕವೂ ಇದೇ ಪಟ್ಟಿಯಿಂದ ಹೊರಬೀಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಶಿಫಾರಸು ಕೆಜಿ ದೇಹತೂಕಕ್ಕೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕೆಜಿಯವರಿಗೆ ಸುಮಾರು 50 ಗ್ರಾಂ. ದಿನವೂ ಬೇಳೆ ತಿನ್ನುತ್ತೇನೆ ಎನ್ನುವವರ ತಿಳಿಸಾರಿನಲ್ಲಿ ಒಬ್ಬರ ಪಾಲಿಗೆ ಬರುವ ತೊಗರಿಬೇಳೆ ಹದಿನೈದು ಗ್ರಾಂ ದಾಟುವುದಿಲ್ಲ, ಅದರಿಂದ ದಕ್ಕುವ ಪ್ರೋಟೀನು ಮೂರು ಗ್ರಾಂ. ಇದನ್ನು ಅವರದೇ ಊಟದ ಪಟ್ಟಿಯ ಪಕ್ಕದಲ್ಲಿ ಬರೆದು ಕಳಿಸಿದರೆ ಮೊಸರು, ಮೊಟ್ಟೆ, ಮೊಳಕೆಕಾಳುಗಳ ಬಗ್ಗೆ ಬೇರೆ ಉಪದೇಶ ಮಾಡಬೇಕಾಗುವುದಿಲ್ಲ.

ಎರಡನೆಯದು ಮಾತ್ರೆಗಳ ಪಟ್ಟಿ. ಮಾತ್ರೆಯ ಸ್ಟ್ರಿಪ್ಪಿನ ಬೆನ್ನ ಮೇಲಿರುವ ಹೆಸರನ್ನು ಅಕ್ಷರಕ್ಕೆ ಅಕ್ಷರ ನಕಲು ಮಾಡಬೇಕು, ಅಥವಾ ಚಿತ್ರ ಕಳಿಸಬೇಕು. ಯಾವ ಹೊತ್ತಿಗೆ, ಯಾವುದರ ಜೊತೆ ನುಂಗುತ್ತೀರಿ ಎಂಬುದನ್ನೂ ಬರೆಯಬೇಕು. ಈ ಒಂದು ಪ್ರಶ್ನೆಯಿಂದ ಸಿಕ್ಕ ಫಲ ಉಳಿದೆಲ್ಲದರಿಂದ ಸಿಕ್ಕದ್ದಕ್ಕಿಂತ ಹೆಚ್ಚು. ಸುಸ್ತು, ತೂಕ ಏರಿಕೆ, ಯಾವ ವ್ಯಾಯಾಮ ಮಾಡಲಿ ಎಂದು ಕೇಳಿದ ಶಿರಸಿಯ ಗೃಹಿಣಿಯೊಬ್ಬರು ಥೈರಾಯ್ಡ್ ಮಾತ್ರೆಯನ್ನು ಬೆಳಗಿನ ಕಾಫಿಯ ಜೊತೆಗೇ ನುಂಗಿ, ಅದರ ಬೆನ್ನಿಗೇ ಕ್ಯಾಲ್ಸಿಯಂ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿದ್ದರು. ಕಾಫಿಗೆ ಅರ್ಧದಿಂದ ಒಂದು ಗಂಟೆ, ಕ್ಯಾಲ್ಸಿಯಂಗೆ ನಾಲ್ಕು ಗಂಟೆ ಅಂತರ ಬೇಕು, ಇಲ್ಲದಿದ್ದರೆ ಥೈರಾಯ್ಡ್ ಮಾತ್ರೆ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ ಎಂದು ಬರೆದು, ವೈದ್ಯರಿಗೆ ತಿಳಿಸಿ ಎಂಟು ವಾರಗಳ ನಂತರ ಥೈರಾಯ್ಡ್ ಸ್ಥಿತಿ ತೋರಿಸುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಲು ಸೂಚಿಸಿದೆ. ವ್ಯಾಯಾಮದ ಪ್ರಶ್ನೆಯನ್ನು ಅವರು ಮತ್ತೆ ಎತ್ತಲೇ ಇಲ್ಲ. ರಕ್ತದೊತ್ತಡಕ್ಕೆ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವವರು ಸೋಡಿಯಂ ಕಡಿಮೆಯಿರುವ ಉಪ್ಪು ಕೊಂಡು ತರುತ್ತಾರೆ. ಅದರಲ್ಲಿ ಸೋಡಿಯಂನ ಜಾಗದಲ್ಲಿ ಪೊಟ್ಯಾಸಿಯಂ ಇರುತ್ತದೆ, ಆ ಮಾತ್ರೆಯೂ ಪೊಟ್ಯಾಸಿಯಂ ಏರಿಸುವಂಥದ್ದು, ಮೂತ್ರಪಿಂಡ ದುರ್ಬಲವಾಗಿದ್ದರೆ ಹೃದಯಕ್ಕೇ ಅಪಾಯ. ಮೆಟೊಪ್ರೊಲಾಲ್ ನುಂಗುವವರು ನಡಿಗೆಯಲ್ಲಿ ನಾಡಿಬಡಿತ ಏರುತ್ತಿಲ್ಲವೆಂದು ಇನ್ನೂ ಜೋರಾಗಿ ಓಡಲು ಹೊರಡುತ್ತಾರೆ. ಬಡಿತ ಏರದಂತೆ ತಡೆಯುವುದೇ ಆ ಮಾತ್ರೆಯ ಕೆಲಸ. ವಾರಕ್ಕೊಂದು ತೆಗೆದುಕೊಳ್ಳಬೇಕಾದ 60,000 ಯೂನಿಟ್‌ನ ವಿಟಮಿನ್ ಡಿ ಪುಡಿಯನ್ನು ದಿನಕ್ಕೊಂದರಂತೆ ಕುಡಿಯುತ್ತಿದ್ದವರು ಒಬ್ಬಿಬ್ಬರಲ್ಲ. ನಾನು ವೈದ್ಯನಲ್ಲ, ಮಾತ್ರೆ ಬದಲಿಸಿ ಎಂದು ಯಾರಿಗೂ ಬರೆಯುವುದಿಲ್ಲ, ಬರೆಯಲೂ ಬಾರದು. ಈ ಪಟ್ಟಿಯನ್ನು ನಿಮ್ಮ ವೈದ್ಯರ ಮುಂದೆ ಇಟ್ಟು ಈ ಪ್ರಶ್ನೆ ಕೇಳಿ ಎಂದು ಒಂದು ವಾಕ್ಯ ಬರೆದುಕೊಡುತ್ತೇನೆ. ನಮ್ಮೂರಿನ ಇಬ್ಬರು ವೈದ್ಯರು ಈಗ ತಾವಾಗಿಯೇ ‘ಆ ಹಾಳೆ ತಂದಿದ್ದೀರಾ’ ಎಂದು ಕೇಳುತ್ತಾರಂತೆ ಎಂದು ಹೇಳಿಕೊಳ್ಳುವಾಗ ಸ್ವಲ್ಪ ಹೆಮ್ಮೆಯಾಗುವುದು ಸಹಜ.

ಮೂರನೆಯದು ಎರಡು ಅಳತೆಗಳು: ಸೊಂಟದ ಸುತ್ತಳತೆ, ಮತ್ತು ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಮೂವತ್ತು ಸೆಕೆಂಡಿನಲ್ಲಿ ಕುರ್ಚಿಯಿಂದ ಎಷ್ಟು ಸಲ ಪೂರ್ತಿ ಎದ್ದು ನಿಲ್ಲಬಲ್ಲಿರಿ ಎಂಬ ಎಣಿಕೆ. ಅರವತ್ತರಿಂದ ಅರವತ್ತನಾಲ್ಕರ ವಯಸ್ಸಿನ ಗಂಡಸರು ಹದಿನಾಲ್ಕಕ್ಕೂ ಹೆಂಗಸರು ಹನ್ನೆರಡಕ್ಕೂ ಕಡಿಮೆಯಾದರೆ ಕಾಲಿನ ಬಲ ಸರಾಸರಿಗಿಂತ ಕೆಳಗಿದೆ ಎಂದು ತಿಳಿಯಬೇಕು. ಹತ್ತು ಸಾವಿರ ಹೆಜ್ಜೆ ಮುಟ್ಟಲಾಗುತ್ತಿಲ್ಲವೆಂದು ಕೊರಗುವ, 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಬಳಸಿದ ಸಂಖ್ಯೆಯನ್ನು ಶಾಸ್ತ್ರವೆಂದು ನಂಬಿರುವ ನಿವೃತ್ತರಿಗೆ, ಕುರ್ಚಿಯಿಂದ ಒಂಬತ್ತೇ ಸಲ ಏಳಲಾದದ್ದನ್ನು ಅವರ ಕೈಯಿಂದಲೇ ಬರೆಸಿದರೆ ಮಾತು ಬೇಗ ನಾಟುತ್ತದೆ.

ನಾಲ್ಕನೆಯ ಪ್ರಶ್ನೆಯೊಂದಿದೆ. ಬರೆದವರು ನಿಜವಾಗಿ ತಿಳಿಯಬೇಕೆಂದಿರುವುದು ಏನೆಂಬುದು ಅದರ ಉತ್ತರದಲ್ಲಿಯೇ ಗೊತ್ತಾಗುತ್ತದೆ. ಅದನ್ನು ಕಂಡುಕೊಳ್ಳಲು ನನಗೆ ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು, ಆದ್ದರಿಂದ ಇಲ್ಲಿ ಬರೆಯುವುದಿಲ್ಲ.

ಸೊಂಟದ ಅಳತೆಯ ಜೊತೆ ಒಂದು ಉಪಪ್ರಯೋಗವೂ ನಡೆಯಿತು. ಹಳ್ಳಿಯ ಮನೆಗಳಲ್ಲಿ ಅಳತೆ ಪಟ್ಟಿ ಇರುವುದಿಲ್ಲವೆಂದು, ಮಾಸಪತ್ರದ ಅಂಚಿನಲ್ಲಿ 25 ಸೆಂಟಿಮೀಟರಿನ ಒಂದು ಅಳತೆಗೋಲನ್ನು ಮುದ್ರಿಸಿ, ಸೊಂಟಕ್ಕೆ ದಾರ ಸುತ್ತಿ, ದಾರವನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲಿಟ್ಟು, ಬಂದದ್ದನ್ನು ನಾಲ್ಕರಿಂದ ಗುಣಿಸಲು ಹೇಳಿದೆ. ಎರಡು ತಿಂಗಳು ಚೆನ್ನಾಗಿ ನಡೆಯಿತು. ಮೂರನೆಯ ತಿಂಗಳು ಮುದ್ರಣಾಲಯದವರು ಪುಟವನ್ನು ಕಾಗದಕ್ಕೆ ಹೊಂದಿಸಲು ನೂರಕ್ಕೆ ನಾಲ್ಕರಷ್ಟು ಕುಗ್ಗಿಸಿದರು. ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮೀರಬಾರದೆಂಬುದು ಭಾರತೀಯರಿಗೆ ಹೇಳಿರುವ ಮಿತಿ. ಗೋಲು ಕುಗ್ಗಿದ್ದರಿಂದ 88 ಇದ್ದವರೆಲ್ಲ ಒಂದೇ ತಿಂಗಳಲ್ಲಿ 91, 92ಕ್ಕೆ ಏರಿಬಿಟ್ಟರು. ಆ ತಿಂಗಳು ಬಂದಷ್ಟು ಗಾಬರಿಯ ಪತ್ರಗಳು ಮತ್ತೆಂದೂ ಬಂದಿಲ್ಲ. ತಿದ್ದುಪಡಿಯ ಹಾಳೆಗೆ ಎರಡು ಸಾವಿರ ರೂಪಾಯಿಗೂ ಹೆಚ್ಚು ಖರ್ಚಾಯಿತು. ಈಗ ಗೋಲಿನ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯದ ವೃತ್ತವನ್ನೂ ಮುದ್ರಿಸುತ್ತೇನೆ. ನಾಣ್ಯ ಸರಿಯಾಗಿ ಕೂತರೆ ಮಾತ್ರ ಅಳೆಯಬೇಕು. ನಾಣ್ಯಗಳಲ್ಲೂ ಹಳತು ಹೊಸತೆಂದು ಗಾತ್ರ ಬೇರೆ ಬೇರೆ ಎಂಬ ತಕರಾರು ಈಗಾಗಲೇ ಬಂದಿದೆ.

ಅಂಚೆಯ ಆಯ್ಕೆಯೂ ಸಣ್ಣ ವಿಷಯವಲ್ಲ. ಐವತ್ತು ಪೈಸೆಯ ಕಾರ್ಡು ಅಗ್ಗವೇ ಆದರೂ ಮುಟ್ಟಿನ ತೊಂದರೆಯನ್ನೋ ಮೂತ್ರ ನಿಲ್ಲದಿರುವುದನ್ನೋ ಊರಿನ ಅಂಚೆಯಣ್ಣ ಓದುವಂತೆ ಯಾರೂ ಬರೆಯುವುದಿಲ್ಲ. ಎರಡೂವರೆ ರೂಪಾಯಿಯ ಅಂತರ್ದೇಶೀಯ ಪತ್ರದೊಳಗೆ ಪ್ರಶ್ನೆಗಳನ್ನು ಮುದ್ರಿಸಿ, ನನ್ನ ವಿಳಾಸವನ್ನೂ ಹಾಕಿ, ಅದನ್ನು ಐದು ರೂಪಾಯಿಯ ಲಕೋಟೆಯಲ್ಲಿ ಕಳಿಸುತ್ತೇನೆ. ತುಂಬಿ ಮಡಚಿ ಅಂಟಿಸಿದರೆ ಸಾಕು. ಮುದ್ರಣವೂ ಸೇರಿ ಒಂದಕ್ಕೆ ಒಂಬತ್ತು ರೂಪಾಯಿ ಬೀಳುತ್ತದೆ. ಹೀಗೆ ಮಾಡಿದ ಮೇಲೆ ಹೆಂಗಸರ ಪತ್ರಗಳು, ನನ್ನ ಅಂದಾಜಿನಲ್ಲಿ, ಎರಡರಷ್ಟಾದವು.

ಎಲ್ಲ ಪತ್ರಗಳಿಗೂ ಪ್ರಶ್ನಾಪತ್ರ ಹೋಗುವುದಿಲ್ಲ. ನಡೆಯುವಾಗ ಎದೆ ಹಿಡಿಯುತ್ತದೆ, ನಿಂತರೆ ಬಿಡುತ್ತದೆ, ಒಂದು ಕೈ ಜೋಮು ಹಿಡಿದಿದೆ, ಎರಡು ತಿಂಗಳಲ್ಲಿ ಕಾರಣವಿಲ್ಲದೆ ಎಂಟು ಕೆಜಿ ಇಳಿದಿದ್ದೇನೆ ಎಂಬಂಥವನ್ನು ಅದೇ ದಿನ ಬೇರೆಯಿಟ್ಟು, ಸಂಖ್ಯೆ ಇದ್ದರೆ ಕರೆ ಮಾಡಿ ಆಸ್ಪತ್ರೆಗೆ ಹೋಗಲು ಹೇಳುತ್ತೇನೆ, ಕಾಯುವಂತಿಲ್ಲದಿದ್ದರೆ 108ಕ್ಕೆ ಕರೆ ಮಾಡಿಸುತ್ತೇನೆ. ಬದುಕೇ ಬೇಡವೆನಿಸಿದೆ ಎಂಬ ಧಾಟಿಯ ಪತ್ರಗಳಿಗೂ ಅಂದೇ ಮಾತನಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಕೊಡುತ್ತೇನೆ. ಉಳಿದ ಪತ್ರಗಳನ್ನು ವಾರಕ್ಕೊಮ್ಮೆ, ಗುರುವಾರ ಮಾತ್ರ ತೆರೆಯುತ್ತೇನೆ. ತೆರೆಯುವ ಕ್ರಮದಲ್ಲೂ ಒಂದು ಉಪಾಯವಿದೆ, ಅದೂ ನನ್ನಲ್ಲೇ ಇರಲಿ.

ಹಣದ ಲೆಕ್ಕಕ್ಕೆ ಬಂದರೆ, ಕಳಿಸಿದ ಪ್ರಶ್ನಾಪತ್ರಗಳಲ್ಲಿ ಮೂರರಲ್ಲೊಂದು ಭಾಗದಷ್ಟು ತುಂಬಿ ವಾಪಸು ಬರುತ್ತವೆ. ಗೆಳೆಯರು ಇದನ್ನೇ ಸೋಲೆಂದು ಎತ್ತಿ ತೋರಿಸಿದ್ದರು. ತುಂಬದವರು ಚಂದಾ ಬಿಡಲಿಲ್ಲ ಎಂಬುದು ಅವರಿಗೆ ಒಗಟಾಗಿತ್ತು. ತುಂಬಲು ಕೂತಾಗಲೇ ತಮಗೆ ಉತ್ತರ ಅರ್ಧ ಕಾಣಿಸಿತು ಎಂದು ತುಂಬದವರಲ್ಲಿ ಕೆಲವರೇ ಆಮೇಲೆ ಬರೆದು ತಿಳಿಸಿದ್ದಾರೆ. ಮೊದಲು ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಚಂದಾ ನವೀಕರಿಸುತ್ತಿದ್ದರು, ಈಗ ನಾಲ್ಕರಲ್ಲಿ ಮೂರು ಮಂದಿ. ಪ್ರಶ್ನಾಪತ್ರಗಳಿಗೆ ತಿಂಗಳಿಗೆ ಒಂದು ಸಾವಿರ ರೂಪಾಯಿ ಆಗುತ್ತದೆ. ಅಂಚೆಯ ಓದುಗರಿಗಷ್ಟೇ ಇದರ ಖರ್ಚು, ವಾಟ್ಸ್‌ಆ್ಯಪ್‌ನವರಿಗೆ ಏನೂ ಇಲ್ಲ. ಎಂಟು ಸಾವಿರದ ಸಂಬಳ ಉಳಿಯಿತು. ಮಧುಮೇಹವನ್ನು ಬುಡಸಮೇತ ಗುಣಪಡಿಸುವ ಪುಡಿಯ ಜಾಹೀರಾತನ್ನು ಮೂರು ತಿಂಗಳಿಗೆ ಹದಿನೈದು ಸಾವಿರಕ್ಕೆ ಹಾಕುತ್ತೀರಾ ಎಂದು ಕೇಳಿದ್ದವರನ್ನು ಧೈರ್ಯವಾಗಿ ವಾಪಸು ಕಳಿಸಲು ಈ ಉಳಿತಾಯವೇ ನೆರವಾಯಿತು. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಪ್ರಕಾರ ಅಂಥ ಜಾಹೀರಾತು ಅಪರಾಧವೆಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಧ್ವನಿ ಸಂದೇಶದಲ್ಲಿ ಉತ್ತರಿಸುವ ಪ್ರಯೋಗವನ್ನು ಈಗ ಅರ್ಧಕ್ಕೆ ನಿಲ್ಲಿಸಿದ್ದೇನೆ, ಏಕೆಂದರೆ ಕೇಳಿದವರು ಅದನ್ನು ಮನೆಮಂದಿಗೆಲ್ಲ ಕಳಿಸುತ್ತಾರೆ, ಒಬ್ಬರ ಮಾತ್ರೆಗೆ ತಕ್ಕಂತೆ ಹೇಳಿದ್ದನ್ನು ಅತ್ತೆ, ಮಾವ, ಷಡ್ಡಕ ಎಲ್ಲರೂ ಪಾಲಿಸುತ್ತಾರೆ. ಕಾಗದದ ಮೇಲೆ ಹೆಸರು, ವಯಸ್ಸು ಬರೆದು ಕಳಿಸಿದ ಉತ್ತರಕ್ಕೆ ಆ ಗತಿ ಬರುವುದು ಕಡಿಮೆ. ನಮೂನೆ ಬೇಕೆನ್ನುವವರು ತಮ್ಮ ವಿಳಾಸ ಬರೆದು ಅಂಚೆಚೀಟಿ ಹಚ್ಚಿದ ಲಕೋಟೆ ಕಳಿಸಿದರೆ ಒಂದು ಹಾಳೆ ಹಾಕಿ ಕಳಿಸುತ್ತೇನೆ. ನಾಲ್ಕನೆಯ ಪ್ರಶ್ನೆಯ ಜಾಗ ಮಾತ್ರ ಖಾಲಿ ಇರುತ್ತದೆ.